ಸೆಪ್ಟೆಂಬರ್ 15ರ ಪ್ರಾರ್ಥನೆ: ಪೋಷಕರಿಗೆ ಒಂದು ಪತ್ರ

ಮಾನ್ಯ ಪೋಷಕರಿಗೆ ನಮಸ್ಕಾರಗಳು.

ಮೊನ್ನೆ 15ರ ಬೆಳಿಗ್ಗೆ ಪ್ರಾರ್ಥನೆಯಲ್ಲಿ ನಡೆದದ್ದು ಮಕ್ಕಳ ಬಾಯಲ್ಲಿ ಮನೆಗೊಂದು ರೂಪ ತಾಳಿದ ಹಾಗಿದೆ. "ಎಂಜಿನಿಯರ್ಸ್ ಡೇ ದಿನ ಬಾಂಬಿನ ಕತೆ ಯಾಕೆ ಹೇಳಿಸಿದ್ರಿ ಸಾರ್, ಮಗು ರಾತ್ರಿ ಒಬ್ಬಳೇ ಮಲಗಲ್ಲ ಅಂತಿದಾಳೆ" ಎಂದು ಒಬ್ಬ ತಾಯಿ ಫೋನ್ ಮಾಡಿದ್ದರು. ವಿಶ್ವೇಶ್ವರಯ್ಯನವರ ಹುಟ್ಟಿದ ಇಸವಿಯನ್ನೇ ನಾವು ತಪ್ಪು ಬರೆಸಿದ್ದೇವೆ ಎನ್ನುವುದು ಇನ್ನೊಬ್ಬ ತಂದೆಯ ದೂರು. ಗೇಟಿನ ಬಳಿ ಒಬ್ಬೊಬ್ಬರಿಗೂ ಉತ್ತರಿಸುವ ಬದಲು ಎಲ್ಲರಿಗೂ ಸೇರಿಸಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾಗುತ್ತದೆ, ಕ್ಷಮಿಸಿ.

ಪ್ರಾರ್ಥನೆಯಲ್ಲಿ 'ದಿನದ ವಿಶೇಷ' ಓದಿಸುವ ಪದ್ಧತಿ ನಿಮಗೆ ಗೊತ್ತೇ ಇದೆ. ನೀವೂ ಓದಿದವರೇ. ಕಳೆದ ವರ್ಷದವರೆಗೆ ಮಕ್ಕಳು ಹಿಂದಿನ ರಾತ್ರಿ ಅಪ್ಪನ ಮೊಬೈಲ್ ನೋಡಿ ಹತ್ತು ಹನ್ನೆರಡು ಸಾಲು ಇಳಿಸಿಕೊಂಡು ಬಂದು, ಉಸಿರು ಬಿಡದೆ ಓದಿ ಮುಗಿಸುತ್ತಿದ್ದರು. ಯಾರೋ ಹುಟ್ಟಿದರು, ಯಾರೋ ಸತ್ತರು, ಎಲ್ಲೋ ಯುದ್ಧವಾಯಿತು. "ಅವರು ಯಾರಪ್ಪಾ?" ಎಂದು ಕೇಳಿದರೆ ಓದಿದವನಿಗೂ ಗೊತ್ತಿಲ್ಲ, ಕೇಳಿದವರಿಗೂ ಗೊತ್ತಿಲ್ಲ, ಎಷ್ಟೋ ಸಲ ನನಗೂ ಗೊತ್ತಿಲ್ಲ. ಹಾಗಾಗಿ ಈ ಜೂನ್‌ನಿಂದ ಕ್ರಮ ಬದಲಿಸಿದೆವು. ಒಂದು ಮಗು ಒಂದೇ ಸಂಗತಿ ಹೇಳಬೇಕು, ಹೇಳಿದ ಮೇಲೆ ಎರಡು ಪ್ರಶ್ನೆಗೆ ಉತ್ತರ ಕೊಡಬೇಕು.

15ನೇ ತಾರೀಖಿಗೆ ಏಳನೇ ತರಗತಿಯ ಸರದಿ ಬಂತು. ಮಂಡ್ಯ ಸೀಮೆಯ ಶಾಲೆಯಲ್ಲಿ ಆ ದಿನ ಯಾರ ಫೋಟೋಗೆ ಹಾರ ಹಾಕುತ್ತೇವೆಂದು ಹೇಳಬೇಕಾಗಿಲ್ಲ. ಕನ್ನಂಬಾಡಿ ಕಟ್ಟೆ 124.80 ಅಡಿ ಮುಟ್ಟಿತೇ ಎಂದು ಬೆಳಗೆದ್ದು ಪೇಪರ್ ನೋಡುವ ಮನೆಗಳಿಂದ ಬಂದ ಮಕ್ಕಳು ಇವು. ಆದರೂ ಮೊದಲು ಎದ್ದು ನಿಂತ ಹುಡುಗ ಕಟ್ಟೆಯ ಮಾತು ಬಿಟ್ಟು, ಪುಣೆಯ ಹತ್ತಿರದ ಖಡಕ್‌ವಾಸ್ಲಾ ಅಣೆಕಟ್ಟೆಗೆ 1903ರಲ್ಲಿ ಕೂರಿಸಿದ ಬಾಗಿಲುಗಳ ವಿಷಯ ಹೇಳಿದ. ಪ್ರವಾಹದ ನೀರು ಏರಿದಾಗ ತಾವೇ ತೆರೆದುಕೊಂಡು, ಇಳಿದಾಗ ತಾವೇ ಮುಚ್ಚಿಕೊಳ್ಳುವ ಬಾಗಿಲುಗಳು. ಅವು ಹೇಗೆ ಕೆಲಸ ಮಾಡುತ್ತವೆಂದು ತೋರಿಸಲು ರಟ್ಟಿನ ತುಂಡು, ದಾರ, ಮರಳು ತುಂಬಿದ ಬಾಟಲಿ ತಂದಿದ್ದ. ದಾರ ಎರಡು ಸಲ ಕಿತ್ತುಹೋಯಿತು. ಮೂರನೇ ಸಲ ಬಾಗಿಲು ಎದ್ದಿತು, ಚಪ್ಪಾಳೆಯೂ ಬಿತ್ತು.

ಇಸವಿಯ ತಕರಾರು ಹುಟ್ಟಿದ್ದು ಅಲ್ಲಿಯೇ. ಅವನು 1861 ಎಂದ. ಸಾಲಿನಲ್ಲಿ ಕೂತಿದ್ದವಳೊಬ್ಬಳು "ಸಾ, ನಮ್ಮನೆ ಪುಸ್ತಕದಲ್ಲಿ 1860 ಅದೆ" ಎಂದಳು. ದೂರು ಕೊಟ್ಟ ತಂದೆಯವರೇ, ಎರಡೂ ಅಚ್ಚಿನಲ್ಲಿವೆ. ಅಂಚೆ ಇಲಾಖೆ ಶತಮಾನೋತ್ಸವದ ಅಂಚೆಚೀಟಿ ತಂದದ್ದು 1960ರಲ್ಲಿ, ಅಂದರೆ ಅವರ ಲೆಕ್ಕಕ್ಕೆ 1860. ಇವತ್ತು ಹೆಚ್ಚಿನ ಪುಸ್ತಕಗಳು 1861 ಎನ್ನುತ್ತವೆ. ಮುದ್ದೇನಹಳ್ಳಿಯಲ್ಲಿ ಆ ಕಾಲಕ್ಕೆ ಜನನ ಪ್ರಮಾಣಪತ್ರ ಬರೆದುಕೊಡುವವರು ಯಾರಿದ್ದರು? ಬೋರ್ಡಿನ ಮೇಲೆ ಎರಡೂ ಇಸವಿ ಬರೆಸಿದ್ದೇನೆ, ಅಳಿಸುವುದಿಲ್ಲ.

ಈ ವಿಷಯದಲ್ಲಿ ನನ್ನ ಹೊಟ್ಟೆಯೊಳಗೂ ಒಂದು ಮಾತಿದೆ. ನಮ್ಮ ಶಾಲೆಯ ಹಳೆಯ ಅಡ್ಮಿಷನ್ ರಿಜಿಸ್ಟರುಗಳನ್ನು ತೆಗೆದು ನೋಡಿ, ಪುಟಕ್ಕೆ ಪುಟ ಜೂನ್ 1. ಊರಿನ ಅರ್ಧ ಮಕ್ಕಳು ಒಂದೇ ದಿನ ಹುಟ್ಟಿದರೇ? ಅಪ್ಪ ಅಮ್ಮನಿಗೆ ತಾರೀಖು ಗೊತ್ತಿರುತ್ತಿರಲಿಲ್ಲ. ಬಲಗೈಯನ್ನು ತಲೆಯ ಮೇಲಿಂದ ತಂದು ಎಡಗಿವಿ ಮುಟ್ಟಿದ ಮಗುವಿಗೆ ವಯಸ್ಸಾಯಿತೆಂದು ಮೇಷ್ಟ್ರು ಸೇರಿಸಿಕೊಂಡು, ಶಾಲೆ ತೆರೆಯುವ ಲೆಕ್ಕಕ್ಕೆ ಹೊಂದುವಂತೆ ಜೂನ್ 1 ಎಂದು ಬರೆದುಬಿಡುತ್ತಿದ್ದರು. ನನ್ನದೂ ಹಾಗೆಯೇ. "ಗಣ್ಪತಿ ನೀರ್ಗೆ ಬುಟ್ಟ ರಾತ್ರಿ ಹುಟ್ದೆ ಕಣ್ಲಾ ನೀನು" ಎಂದು ಅವ್ವ ಹೇಳುತ್ತಿದ್ದಳು. ಸರ್ಕಾರದ ಪಾಲಿಗೆ ಮಾತ್ರ ನಾನು ಜೂನ್ ಒಂದರವನು. ಹಾಗಾಗಿಯೇ ನನ್ನ ನಿವೃತ್ತಿಯೂ ಮೇ 31ಕ್ಕೆ, ನನ್ನಂಥ ಸಾವಿರಾರು ಜನರ ಜೊತೆಗೆ. ಇಸವಿಯ ವಿಷಯಕ್ಕೆ ಮಕ್ಕಳ ಮುಂದೆ ಜಂಭ ಕೊಚ್ಚುವ ಹಕ್ಕು ಮುಖ್ಯ ಶಿಕ್ಷಕರಿಗಂತೂ ಇಲ್ಲ.

ಎರಡನೆಯವಳು ರೈಲಿನ ಕತೆ ಹೇಳಿದಳು. 1830ರ ಸೆಪ್ಟೆಂಬರ್ 15ರಂದು ಇಂಗ್ಲೆಂಡಿನಲ್ಲಿ ಲಿವರ್‌ಪೂಲ್‌ನಿಂದ ಮ್ಯಾಂಚೆಸ್ಟರ್‌ಗೆ, ಸುಮಾರು 50 ಕಿ.ಮೀ. ದೂರದ ರೈಲುದಾರಿಯ ಉದ್ಘಾಟನೆ. ಕಟ್ಟಿದ ಎಂಜಿನಿಯರ್ ಜಾರ್ಜ್ ಸ್ಟೀಫನ್‌ಸನ್. ಪ್ರಧಾನಿ ಡ್ಯೂಕ್ ಆಫ್ ವೆಲ್ಲಿಂಗ್ಟನ್ ಬಂದಿದ್ದರು. ದಾರಿಯಲ್ಲಿ ಎಂಜಿನ್ನಿಗೆ ನೀರು ತುಂಬಲು ಗಾಡಿ ನಿಂತಾಗ ಕೆಲವರು ಹಳಿಯ ಮೇಲೆ ಇಳಿದರು. ಲಿವರ್‌ಪೂಲ್‌ನ ಸಂಸದ ವಿಲಿಯಂ ಹಸ್ಕಿಸನ್ ಪ್ರಧಾನಿಯ ಬಳಿ ಹೋಗಿ ಮಾತಾಡುತ್ತಿರುವಾಗ ಪಕ್ಕದ ಹಳಿಯಲ್ಲಿ 'ರಾಕೆಟ್' ಎಂಬ ಎಂಜಿನ್ ಬಂತು. ಎಲ್ಲರೂ ಸರಿದರು, ಅವರಿಗೆ ಆಗಲಿಲ್ಲ. ಕಾಲಿನ ಮೇಲೆ ಹರಿದುಹೋಯಿತು. ಸ್ಟೀಫನ್‌ಸನ್ ತಾನೇ ಇನ್ನೊಂದು ಎಂಜಿನ್ ಓಡಿಸಿಕೊಂಡು ಅವರನ್ನು ಸಾಗಿಸಿದ. ರಾತ್ರಿಯೊಳಗೆ ತೀರಿಕೊಂಡರು. ಇದನ್ನು ಹೇಳಿದ ಹುಡುಗಿಯ ತಂದೆ ರೈಲ್ವೆ ಗ್ಯಾಂಗ್‌ಮನ್. "ನಮ್ಮಪ್ಪ ಹಳಿ ದಾಟೋವಾಗ ಎರಡೂ ಕಡೆ ನೋಡ್ಬೇಕು ಅಂತಾರೆ" ಎಂದು ಕೊನೆಗೆ ಸೇರಿಸಿದಳು. ಅದು ಅವಳ ಹಾಳೆಯಲ್ಲಿ ಇರಲಿಲ್ಲ.

ಮೂರನೆಯವನು 1916ರ ಸೆಪ್ಟೆಂಬರ್ 15 ಹಿಡಿದಿದ್ದ. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿನ ಸೊಮ್ ಬಯಲಿನಲ್ಲಿ ಬ್ರಿಟಿಷರು ಮೊಟ್ಟಮೊದಲ ಬಾರಿಗೆ ಯುದ್ಧದ ಟ್ಯಾಂಕ್ ಇಳಿಸಿದ ದಿನ. ಕಾರ್ಖಾನೆಯಲ್ಲಿ ತಯಾರಾಗುವಾಗ ಗುಟ್ಟು ಬಯಲಾಗದಿರಲೆಂದು ಇವು ನೀರಿನ ಟ್ಯಾಂಕುಗಳೆಂದು ಹೇಳಿದ್ದರಂತೆ, ಆ ಹೆಸರೇ ನಿಂತಿತು. ಊರಿನ ಓವರ್‌ಹೆಡ್ ಟ್ಯಾಂಕ್ ಕಡೆ ಎಲ್ಲ ಮಕ್ಕಳೂ ತಿರುಗಿ ನೋಡಿದರು. ಡಾರ್ವಿನ್ ಇದ್ದ ಹಡಗು 1835ರಲ್ಲಿ ಗಲಪಗೋಸ್ ದ್ವೀಪಗಳನ್ನು ತಲುಪಿದ್ದು, 1959ರಲ್ಲಿ ದೆಹಲಿಯಲ್ಲಿ ದೂರದರ್ಶನ ಶುರುವಾದದ್ದು, ಬಂಗಾಳದ ಶರತ್‌ಚಂದ್ರ ಚಟ್ಟೋಪಾಧ್ಯಾಯ, ತಮಿಳುನಾಡಿನ ಅಣ್ಣಾದುರೈ ಹುಟ್ಟಿದ್ದು, ಎಲ್ಲವೂ ಇದೇ ತಾರೀಖು. ಅವೆಲ್ಲ ಬೋರ್ಡಿನಲ್ಲಿವೆ, ಬಂದವರು ನೋಡಬಹುದು.

ಈಗ ಬಾಂಬಿನ ವಿಷಯ. ಕೊನೆಯ ಹುಡುಗಿ ಆರಿಸಿಕೊಂಡದ್ದು 1963ರ ಸೆಪ್ಟೆಂಬರ್ 15, ಭಾನುವಾರ. ಅಮೆರಿಕದ ಅಲಬಾಮಾ ರಾಜ್ಯದ ಬರ್ಮಿಂಗ್‌ಹ್ಯಾಮ್ ಊರಿನ ಚರ್ಚ್ ಒಂದರಲ್ಲಿ ಕರಿಯರ ಮಕ್ಕಳು ಬೆಳಗಿನ ಪ್ರಾರ್ಥನೆಗೆ ಸಿದ್ಧವಾಗುತ್ತಿದ್ದಾಗ ವರ್ಣದ್ವೇಷಿಗಳು ಇಟ್ಟಿದ್ದ ಬಾಂಬ್ ಸಿಡಿದು ನಾಲ್ಕು ಹುಡುಗಿಯರು ಸತ್ತರು. ಮೂವರಿಗೆ 14 ವರ್ಷ, ಡೆನಿಸ್ ಮೆಕ್‌ನೇರ್ ಎಂಬವಳಿಗೆ 11. ಮೊದಲ ಅಪರಾಧಿಗೆ ಶಿಕ್ಷೆಯಾದದ್ದು 1977ರಲ್ಲಿ, ಕೊನೆಯವನಿಗೆ 2002ರಲ್ಲಿ.

ಅವಳ ಹಾಳೆಯನ್ನು ನಾನು ಮೊದಲೇ ಓದಿರಲಿಲ್ಲ. ಇದು ನನ್ನ ತಪ್ಪು, ಫೋನ್ ಮಾಡಿದ ತಾಯಿಯವರಲ್ಲಿ ಕ್ಷಮೆ ಕೇಳಿದ್ದೇನೆ. ನಲಿಕಲಿ ಮಕ್ಕಳು ಮುಂದಿನ ಸಾಲಿನಲ್ಲೇ ಕೂತಿದ್ದರು. ಆದರೆ ಆ ವಿಷಯವನ್ನು ಆರಿಸಿಕೊಂಡದ್ದು ತಪ್ಪೆಂದು ಅವಳಿಗೆ ನಾನು ಹೇಳಿಲ್ಲ, ಹೇಳುವುದೂ ಇಲ್ಲ. "ಯಾಕೆ ಇದನ್ನೇ ತಗೊಂಡೆ?" ಎಂದು ಆಮೇಲೆ ಕೇಳಿದೆ. "ಅವಳಿಗೂ ಹನ್ನೊಂದು, ನಮ್ಮ ತಂಗಿಗೂ ಹನ್ನೊಂದು ಸಾ" ಎಂದಳು. ಮಧ್ಯಾಹ್ನ ಬಿಸಿಯೂಟದ ನಂತರ ಏಳನೇ ತರಗತಿಯವರಷ್ಟೇ ಕೂತು ಒಂದು ಪೀರಿಯಡ್ ಇದರ ಬಗ್ಗೆ ಮಾತಾಡಿದರು. ನಾನೂ ಹಿಂದಿನ ಬೆಂಚಿನಲ್ಲಿದ್ದೆ. ಇನ್ನು ಮುಂದೆ ಸಾವುನೋವಿನ ಸಂಗತಿಗಳನ್ನು ದೊಡ್ಡ ತರಗತಿಯ ಕೋಣೆಯಲ್ಲೇ ಹೇಳಿಸುತ್ತೇವೆ, ಪ್ರಾರ್ಥನೆಯಲ್ಲಲ್ಲ.

ಒಂದೇ ತಾರೀಖಿನಲ್ಲಿ ಇಷ್ಟೆಲ್ಲ ಆಗಿದೆಯೆಂದರೆ ಆ ದಿನಕ್ಕೇನೋ ಶಕ್ತಿ ಇದೆಯೇ ಎಂದು ಒಬ್ಬ ಅಜ್ಜ ಕೇಳಿದರು. ಇಲ್ಲ ಯಜಮಾನರೇ. ವರ್ಷಕ್ಕೆ ದಿನ ಇರುವುದು 365, ಆದದ್ದೆಲ್ಲ ಅವುಗಳಲ್ಲೇ ಹಿಡಿಯಬೇಕು. 23 ಜನ ಸೇರಿದರೆ ಅವರಲ್ಲಿ ಇಬ್ಬರ ಹುಟ್ಟುಹಬ್ಬ ಒಂದೇ ದಿನ ಬೀಳುವ ಸಾಧ್ಯತೆ ಅರ್ಧಕ್ಕಿಂತ ಹೆಚ್ಚು ಎಂದು ನಮ್ಮ ಗಣಿತದ ಮಿಸ್ ಲೆಕ್ಕ ಮಾಡಿ ತೋರಿಸಿದ್ದಾರೆ. ಅಷ್ಟಕ್ಕೂ ತಾರೀಖು ಮನುಷ್ಯರು ಮಾಡಿಕೊಂಡದ್ದು. ನಮ್ಮ ಪಂಚಾಂಗದಲ್ಲಿ ಕ್ಷಯ ತಿಥಿ ಬಂದ ಹಾಗೆ, ಬ್ರಿಟನ್ನಿನವರು 1752ರಲ್ಲಿ ಕ್ಯಾಲೆಂಡರ್ ಬದಲಿಸುವಾಗ ಸೆಪ್ಟೆಂಬರ್ 2ರ ಮಾರನೆ ದಿನವನ್ನು 14 ಎಂದು ಕರೆದು, ನಡುವಿನ 11 ದಿನ ನುಂಗಿಹಾಕಿದರು. ಹುಟ್ಟಿದ ದಿನದ ತಿಥಿ, ತಾರೀಖು ಎರಡೂ ಹೆಚ್ಚುಕಮ್ಮಿ ಮತ್ತೆ ಕೂಡುವುದು 19 ವರ್ಷಕ್ಕೊಮ್ಮೆ. ನಿಮಗೆ 38 ತುಂಬುವ ವರ್ಷ ಪಂಚಾಂಗ ತೆಗೆದು ನೋಡಿ.

ಕೊನೆಯದಾಗಿ ಒಂದು ಕೆಲಸ. ಅಕ್ಟೋಬರ್‌ನಿಂದ ತಿಂಗಳಿಗೊಮ್ಮೆ 'ನಮ್ಮ ಮನೆಯ ದಿನ' ಓದಿಸಬೇಕೆಂದಿದ್ದೇವೆ. ನಿಮ್ಮ ಮನೆಯಲ್ಲಿ ನಡೆದ ಒಂದೇ ಒಂದು ಸಂಗತಿ, ಅದರ ದಿನ, ಮತ್ತು ಆ ದಿನ ನಿಮಗೆ ಹೇಗೆ ಗೊತ್ತು ಎನ್ನುವುದನ್ನು ಚೀಟಿಯಲ್ಲಿ ಬರೆದು ಕಳಿಸಿ. ಬೋರ್‌ವೆಲ್‌ನಲ್ಲಿ ನೀರು ಬಿದ್ದ ದಿನವಾಗಬಹುದು, ಮನೆಗೆ ಕರೆಂಟು ಬಂದ ದಿನವಾಗಬಹುದು. ತಾರೀಖು ನೆನಪಿಲ್ಲದಿದ್ದರೆ "ರಾಗಿ ಕುಯ್ಲಿನ ಹೊತ್ತು", "ಮಾರಿಹಬ್ಬದ ಹಿಂದಿನ ವಾರ" ಎಂದೇ ಬರೆಯಿರಿ, ನಾವು ಜೂನ್ 1 ಎಂದು ತಿದ್ದುವುದಿಲ್ಲ. ಬರೆಯಲು ಆಗದ ಹಿರಿಯರಿದ್ದರೆ ಅವರು ಹೇಳಿದ್ದನ್ನು ಮಗುವೇ ಬರೆದುಕೊಳ್ಳಲಿ.

ಚೀಟಿ ಶನಿವಾರದೊಳಗೆ ತರಗತಿ ಶಿಕ್ಷಕರ ಕೈ ಸೇರಲಿ. ಅಂದು ಬೆಳಗಿನ ಶಾಲೆ ಎನ್ನುವುದು ನೆನಪಿರಲಿ.

ಇತಿ ತಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕ