ಓದುತ್ತಿರುವವರು...

ಈ ಸಲದ ಸಂಪಾದಕೀಯ ಸಿಡ್ನಿಯಿಂದ ಬರುತ್ತಿಲ್ಲ. ಕೊಡಗಿನ ಸುಂಟಿಕೊಪ್ಪದ ಹತ್ತಿರ ನಮ್ಮ ಮನೆಯ ಜಗಲಿಯಲ್ಲಿ ಕೂತು ಬರೆಯುತ್ತಿದ್ದೇನೆ. ಕರೆಂಟ್ ಹೋಗಿ ಎರಡು ಗಂಟೆಯಾಯಿತು. ಲ್ಯಾಪ್‌ಟಾಪಿನಲ್ಲಿ ಚಾರ್ಜ್ ಎಷ್ಟು ಉಳಿದಿದೆ ಎಂದು ಆಗಾಗ ನೋಡಿಕೊಳ್ಳುತ್ತಿದ್ದೇನೆ. ರಾಜ್ಯೋತ್ಸವದ ಸಂಚಿಕೆಗೆ ಬೇರೆಯದೇ ಯೋಚಿಸಿದ್ದೆ. ಹೊಸ ಸಮಿತಿ, ಮಕ್ಕಳ ಕನ್ನಡ ಕ್ಲಾಸು, ಜಾಸ್ತಿಯಾದ ಹಾಲ್ ಬಾಡಿಗೆ. ಅದೆಲ್ಲ ಮುಂದಿನ ತಿಂಗಳು ನೋಡೋಣ. ನಾನು ಊರಿಗೆ ಬಂದ ಮೂರನೇ ದಿನ ನಮ್ಮ ವಾರ್ತೆ ಮಾವ ತೀರಿಕೊಂಡರು.

ಮಾವ ಅಂದರೆ ಸಂಬಂಧದಲ್ಲಿ ಮಾವ ಅಲ್ಲ. ನಮ್ಮಪ್ಪ ಕೆಲಸ ಮಾಡುತ್ತಿದ್ದ ಕಾಫಿ ತೋಟದ ಬೇಲಿ ದಾಟಿದರೆ ಅವರ ಮನೆ. ಊರಿನ ಎಲ್ಲ ಮಕ್ಕಳಿಗೂ ಅವರು ವಾರ್ತೆ ಮಾವನೇ. ಹೆಸರು ಹಾಕಿ ಬರೆಯುತ್ತೇನೆ ಎಂದಾಗ ಅತ್ತೆ ಒಪ್ಪಲಿಲ್ಲ. "ಹೆಸರು ಗಿಸರು ಬೇಡ ಮಾರಾಯ. ಇದ್ದಾಗ ಅವರೇ ಬೇಕಾದಷ್ಟು ಸಲ ಹೇಳಿಕೊಂಡಿದ್ದಾರೆ" ಅಂದರು. ಅತ್ತೆ ಹೇಳಿದ್ದು ನಮ್ಮ ಕಡೆಯ ಮನೆಮಾತಾದ ಅರೆಭಾಷೆಯಲ್ಲಿ. ನಿಮಗೆಲ್ಲ ತಿಳಿಯಲಿ ಎಂದು ನಾನು ಹೀಗೆ ಬರೆದಿದ್ದೇನೆ, ಅಲ್ಲಿದ್ದ ಖಾರ ಇಲ್ಲಿ ಸ್ವಲ್ಪ ಕಮ್ಮಿಯಾಗಿದೆ.

ಮಾವ ದೆಹಲಿಯಲ್ಲಿ ಕೇಂದ್ರ ಸರ್ಕಾರದ ಒಂದು ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಅದು ಹೊಟ್ಟೆಪಾಡು. ಅದರ ಜೊತೆಗೆ ಆಕಾಶವಾಣಿಯ ಕನ್ನಡ ವಿಭಾಗದಲ್ಲಿ ಕ್ಯಾಶುವಲ್ ಆಗಿ ವಾರ್ತೆ ಓದುತ್ತಿದ್ದರು. ತಿಂಗಳಿಗೆ ಹೆಚ್ಚೆಂದರೆ ಆರು ದಿನ. ಆ ಆರು ದಿನದ ದುಡ್ಡೇ ಊರಿಗೆ ಮನಿಯಾರ್ಡರ್ ಆಗಿ ಬರುತ್ತಿದ್ದದ್ದು. ಹಾಗಾಗಿ ಕರೆ ಬಂದರೆ ಅವರು ಇಲ್ಲ ಅಂದದ್ದೇ ಇಲ್ಲ. ಯಾವ ಆರು ದಿನ ಎಂದು ಊರಿಗೆ ಹೇಗೆ ಗೊತ್ತಾಗಬೇಕು? ಕಾಗದ ಬಂದು ತಲುಪುವಷ್ಟರಲ್ಲಿ ಆ ದಿನ ಕಳೆದಿರುತ್ತಿತ್ತು. ಹಾಗಾಗಿ ನಾವು ದಿನಾ ಕೇಳುತ್ತಿದ್ದೆವು.

ದೆಹಲಿಯ ಕನ್ನಡ ವಾರ್ತೆ ಆಗ ಬೆಳಗ್ಗೆ 7.35ಕ್ಕೆ. ಹತ್ತು ನಿಮಿಷ ಮುಂಚೆಯೇ ಮಾವನ ಅಮ್ಮ, ನಮಗೆಲ್ಲ ಅಜ್ಜಿ, ಬೇಲಿ ದಾಟಿ ನಮ್ಮ ಜಗಲಿಗೆ ಬಂದು ಕೂರುತ್ತಿದ್ದರು. ಕೈಯಲ್ಲಿ ಹಾಲಿನ ಪಾತ್ರೆ ಇರುತ್ತಿತ್ತು. ನಮ್ಮದು ಮರ್ಫಿ ಸೆಟ್ಟು. 7.25ಕ್ಕೆ ಮಲಯಾಳ ವಾರ್ತೆ. ಲೈನ್‌ಮನೆಯ, ಅಂದರೆ ತೋಟದ ಕೆಲಸದವರ ಸಾಲುಮನೆಯ, ಅರ್ಧ ಜನ ಅದಕ್ಕೆ ಬರುತ್ತಿದ್ದರು. ಕೋಝಿಕ್ಕೋಡ್ ಸ್ಟೇಷನ್ ನಮ್ಮಲ್ಲಿ ಪಕ್ಕದ ಮನೆಯವರು ಮಾತಾಡಿದ ಹಾಗೆ ಕೇಳುತ್ತಿತ್ತು. ಮಲಯಾಳ ವಾರ್ತೆ ಓದುತ್ತಿದ್ದ ಗೋಪನ್ 2019ರಲ್ಲಿ, ರಾಮಚಂದ್ರನ್ 2024ರಲ್ಲಿ ಹೋದಾಗ ಕೇರಳದವರು ಎಷ್ಟೊಂದು ಬರೆದರು, ನೆನಪಿದೆಯಾ? ಆ ಎರಡು ದನಿ ನಮಗೂ ಚೆನ್ನಾಗಿ ಗೊತ್ತು, ಒಂದು ಅಕ್ಷರ ಮಲಯಾಳ ಓದಲು ಬಾರದ ನಮ್ಮಮ್ಮನಿಗೂ ಗೊತ್ತು. ಮಲಯಾಳ ಮುಗಿದ ಕೂಡಲೇ ಅಪ್ಪ ಮುಳ್ಳು ತಿರುಗಿಸಿ ಬೆಂಗಳೂರಿಗೆ ತರುತ್ತಿದ್ದರು. ಬೆಂಗಳೂರು ರಾತ್ರಿ ಹೊತ್ತು ಜೋರು, ಬಿಸಿಲೇರಿದಂತೆ ಕ್ಷೀಣ. ಅದೂ ಸಾಲದು ಎಂದು, ಉಪಗ್ರಹ ಬರುವ ಮೊದಲು ದೆಹಲಿಯಿಂದ ಬೆಂಗಳೂರಿಗೆ ವಾರ್ತೆ ಬರುತ್ತಿದ್ದದ್ದು ಶಾರ್ಟ್‌ವೇವ್‌ನಲ್ಲಿ. ಆ ಸಿಳ್ಳೆ, ಆ ಗೊರಗೊರ ಎಲ್ಲ ಸೇರಿಯೇ ನಮ್ಮ ತೋಟಕ್ಕೆ ಬರುತ್ತಿತ್ತು.

"ಆಕಾಶವಾಣಿ. ವಾರ್ತೆಗಳು. ಓದುತ್ತಿರುವವರು..."

ಅಲ್ಲಿ ಒಂದು ಸಣ್ಣ ತಡೆ. ಅರ್ಧ ಸೆಕೆಂಡೂ ಇರಲಿಕ್ಕಿಲ್ಲ. ಬೇರೆ ಯಾರದಾದರೂ ಹೆಸರು ಬಂದರೆ ಅಜ್ಜಿ ಎದ್ದು ಕೊಟ್ಟಿಗೆಗೆ ಹೋಗುತ್ತಿದ್ದರು. ದೇಶದ ಸುದ್ದಿ ಅವರಿಗೆ ಬೇಕಿರಲಿಲ್ಲ. ಮಗನ ಹೆಸರು ಬಂದರೆ ಹತ್ತು ನಿಮಿಷ ಅಲ್ಲಾಡುತ್ತಿರಲಿಲ್ಲ. ಮುಗಿದ ಮೇಲೆ ಅಪ್ಪನಿಗೆ ಹೇಳುತ್ತಿದ್ದರು: "ಗಂಟಲು ಕಟ್ಟಿದೆ. ಕರಿಮೆಣಸಿನ ಕಷಾಯ ಮಾಡಿ ಕುಡಿ ಅಂತ ಬರೀರಿ."

ಅಪ್ಪ ತೋಟದ ರೈಟರ್, ಅಂದರೆ ಲೆಕ್ಕಪತ್ರ ಬರೆಯುವವರು. ಅಜ್ಜಿಗೂ ಅವರೇ ರೈಟರ್. ಇನ್‌ಲ್ಯಾಂಡ್ ಲೆಟರ್ ತೆಗೆದು ಅಜ್ಜಿ ಹೇಳಿದ್ದನ್ನು ಹಾಗೇ ಇಳಿಸುತ್ತಿದ್ದರು. "ಮೊನ್ನೆ ಓದುವಾಗ ಅವಸರ ಇತ್ತು, ಯಾಕೆ?" "ನಿನ್ನೆ ನಿದ್ದೆ ಮಾಡಿಲ್ಲ." ಮಾವ ನಿವೃತ್ತಿಯಾಗಿ ಊರಿಗೆ ಬಂದ ಮೇಲೆ ಈ ಕಾಗದಗಳ ಕಟ್ಟನ್ನು ನನಗೆ ತೋರಿಸಿದ್ದರು. ಸ್ಟುಡಿಯೊದಲ್ಲಿ ಕೆಮ್ಮು ಬಂದರೆ ಒತ್ತಲು ಒಂದು ಗುಂಡಿ ಇರುತ್ತದಂತೆ, ಒತ್ತಿದಷ್ಟು ಹೊತ್ತು ಮೈಕ್ ಬಂದ್. "ಇಡೀ ಕರ್ನಾಟಕದಲ್ಲಿ ಯಾರಿಗೂ ಗೊತ್ತಾಗ್ತಿರಲಿಲ್ಲ. ಅಮ್ಮನಿಗೆ ಗೊತ್ತಾಗ್ತಿತ್ತು" ಅಂದರು. ದನಿಯಲ್ಲಿ ತಾನು ಕಾಣಬಾರದು ಎಂದು ವರ್ಷಗಟ್ಟಲೆ ಕಲಿತ ಮನುಷ್ಯ. ಅವರ ಅಮ್ಮ ಕೇಳುತ್ತಿದ್ದದ್ದು ಅದೊಂದನ್ನೇ.

ವಾರ್ತೆ ಓದುವುದು ಎಂದರೆ ಬರೀ ಓದುವುದಲ್ಲ ಎಂದು ನನಗೆ ಗೊತ್ತಾದದ್ದೂ ಅವರಿಂದಲೇ. ಬೆಳಗಿನ ಪಾಳಿಗೆ ಕತ್ತಲಿರುವಾಗಲೇ ಸಂಸದ್ ಮಾರ್ಗದ ಆಕಾಶವಾಣಿ ಭವನ ಸೇರಬೇಕಿತ್ತು. ಅವರ ಮನೆ ಗೋಲ್ ಮಾರ್ಕೆಟ್ ಕಡೆ, ನಡೆದೇ ಹೋಗುತ್ತಿದ್ದರು. ಸುದ್ದಿ ಇಂಗ್ಲಿಷಿನಲ್ಲಿ ಹಾಳೆ ಹಾಳೆಯಾಗಿ ಬರುತ್ತಿತ್ತು. ಅದನ್ನು ಪೂಲ್ ಅನ್ನುತ್ತಾರೆ. ಅದನ್ನು ಕನ್ನಡಕ್ಕೆ ತಂದು, ತಾವೇ ಕೈಯಲ್ಲಿ ಬರೆದು, ತಾವೇ ಓದಬೇಕಿತ್ತು. ಹಾಳೆಗಳಿಗೆ ಪಿನ್ ಹಾಕುವ ಹಾಗಿಲ್ಲ, ತಿರುಗಿಸಿದರೆ ಸದ್ದಾಗುತ್ತದೆ. ಓದಿದ ಹಾಳೆಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಬೇಕು. ಕೊನೆಗೆ ಎರಡು ಪುಟ್ಟ ಸುದ್ದಿ ಕೈಲಿರಬೇಕು, ಸಮಯ ಉಳಿದರೆ ಓದಲು, ಇಲ್ಲದಿದ್ದರೆ ಬಿಡಲು. ಕೆಂಪು ದೀಪ ಹತ್ತಿದ ಮೇಲೂ ಯಾರೋ ಬಾಗಿಲು ತಳ್ಳಿಕೊಂಡು ಬಂದು ಒಂದು ಚೀಟಿ ಮುಂದೆ ಇಡುತ್ತಾರೆ. ಅದು ಇಂಗ್ಲಿಷಿನಲ್ಲೇ ಇರುತ್ತದೆ. ಅದನ್ನು ಕಣ್ಣಲ್ಲಿ ಇಂಗ್ಲಿಷು, ಬಾಯಲ್ಲಿ ಕನ್ನಡ ಮಾಡಿ ಓದಬೇಕು. ಒಂದು ಇಂಗ್ಲಿಷ್ ಪತ್ರಿಕೆ ಇಟ್ಟುಕೊಂಡು ನಾನೂ ಒಮ್ಮೆ ಮನೆಯಲ್ಲಿ ಪ್ರಯತ್ನಿಸಿದೆ. ಮೂರನೇ ವಾಕ್ಯಕ್ಕೆ ಕ್ರಿಯಾಪದ ಎಲ್ಲಿ ಹೋಯಿತೋ ಗೊತ್ತಿಲ್ಲ. ಇಂಗ್ಲಿಷಿನಲ್ಲಿ ಅದು ಮೊದಲೇ ಬಂದು ಕೂತಿರುತ್ತದೆ, ನಮ್ಮಲ್ಲಿ ಕೊನೆಯವರೆಗೆ ಕಾಯಬೇಕು.

ನಿಶ್ಶಸ್ತ್ರೀಕರಣ, ಶೃಂಗಸಭೆ, ಅಲಿಪ್ತ ರಾಷ್ಟ್ರಗಳು. ಈ ಮಾತುಗಳೆಲ್ಲ ನಮ್ಮ ಊರಿಗೆ ಬಂದದ್ದು ಪುಸ್ತಕದಿಂದಲ್ಲ, ರೇಡಿಯೊದಿಂದ. 1983ರ ಮಾರ್ಚ್‌ನಲ್ಲಿ ದೆಹಲಿಯಲ್ಲಿ ಅಲಿಪ್ತ ರಾಷ್ಟ್ರಗಳ ಶೃಂಗಸಭೆ ನಡೆಯಿತಲ್ಲ, ಆಗ ದಿನಾ ಅದೇ ಸುದ್ದಿ. ಅಲಿಪ್ತ ಅಂದರೆ ಏನು ಎಂದು ಅಜ್ಜಿ ಕೇಳಿದರು. ಯಾರ ಕಡೆಗೂ ಸೇರದವರು ಎಂದರು ಅಪ್ಪ. ಅವತ್ತಿನಿಂದ ಆಸ್ತಿ ಪಾಲಿನ ಜಗಳದಲ್ಲಿ ಬಾಯಿ ಬಿಡದೆ ಕೂತಿದ್ದ ತಮ್ಮ ಮೈದುನನಿಗೆ ಅಜ್ಜಿ ಅಲಿಪ್ತ ಎಂದೇ ಹೆಸರಿಟ್ಟರು. ಆಕಾಶವಾಣಿ ಎಂಬ ಮಾತಂತೂ ನಮ್ಮ ಪಕ್ಕದ ಮೈಸೂರಿನದೇ. ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲೇ ಶುರು ಮಾಡಿದ ಪುಟ್ಟ ರೇಡಿಯೊ ನಿಲಯದ ಹೆಸರು ಅದು. ಇಡೀ ದೇಶದ ರೇಡಿಯೊಗೆ ಆ ಹೆಸರು ಬಂದದ್ದು 1957ರಲ್ಲಿ. ಹಿಂದಿಯವರ ಎದುರು ಇದನ್ನು ಹೇಳುವ ಒಂದು ಅವಕಾಶವನ್ನೂ ಮಾವ ಬಿಡುತ್ತಿರಲಿಲ್ಲವಂತೆ.

1984ರ ಅಕ್ಟೋಬರ್ 31. ಇಂದಿರಾ ಗಾಂಧಿಯವರಿಗೆ ಬೆಳಗ್ಗೆಯೇ ಗುಂಡು ತಗಲಿತ್ತು. ತೋಟದ ಮ್ಯಾನೇಜರ್ ಬಂಗಲೆಯಲ್ಲಿ ಬಿಬಿಸಿ ಕೇಳುತ್ತಿದ್ದರು, ಮಧ್ಯಾಹ್ನವೇ ಸಾವಿನ ಸುದ್ದಿ ಅಲ್ಲಿಂದ ಹೊರಗೆ ಬಂತು. ಯಾರೂ ನಂಬಲಿಲ್ಲ. ಆಕಾಶವಾಣಿ ಹೇಳಿಲ್ಲ ಅಲ್ವಾ, ಅಂದರು. ಆಕಾಶವಾಣಿ ಹೇಳಿದ್ದು ಸಂಜೆ ಆರಕ್ಕೆ. ಆಗ ನಂಬಿದರು. ಈಗ ಯೋಚಿಸಿದರೆ ಇದು ಹೊಗಳಿಕೆಯೋ ಬೈಗುಳವೋ ಗೊತ್ತಾಗುವುದಿಲ್ಲ. ಸರ್ಕಾರದ ರೇಡಿಯೊ ಸರ್ಕಾರ ಬಿಟ್ಟಾಗಲೇ ಹೇಳುತ್ತದೆ. ತುರ್ತು ಪರಿಸ್ಥಿತಿಯಲ್ಲಿ ಅದು ಏನು ಹೇಳಿತು, ಏನು ಹೇಳಲಿಲ್ಲ ಎಂಬುದು ನಮಗೆಲ್ಲ ಗೊತ್ತಿದೆ. ಒಮ್ಮೆ ಮಾವನನ್ನು ನೇರವಾಗಿ ಕೇಳಿದ್ದೆ: ಸುಳ್ಳು ಓದಿದ್ದೀರಾ? ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಸುಳ್ಳು ಓದಿದ ನೆನಪಿಲ್ಲ. ಅರ್ಧ ಓದಿದ್ದೇನೆ" ಅಂದರು.

ಆ ನವೆಂಬರ್ ಮೊದಲ ವಾರ ನನಗೆ ಚೆನ್ನಾಗಿ ನೆನಪಿದೆ. ದೆಹಲಿಯಲ್ಲಿ ಸಿಖ್ಖರನ್ನು ಹುಡುಕಿ ಹುಡುಕಿ ಕೊಲ್ಲುತ್ತಿದ್ದರು. ಮಾವ, ಅತ್ತೆ, ಮಗಳು ಮೂವರೂ ಅಲ್ಲಿದ್ದರು. ಊರಿನಲ್ಲಿ ಫೋನಿಲ್ಲ. ಅಪ್ಪ ಕೊಟ್ಟ ಟೆಲಿಗ್ರಾಂಗೆ ಉತ್ತರ ಇಲ್ಲ. ಅಜ್ಜಿ ಬೆಳಗ್ಗೆಯೂ ಬಂದರು, ಸಂಜೆಯೂ ಬಂದರು. ಓದುತ್ತಿರುವವರು... ಬೇರೆ ಹೆಸರು. ಓದುತ್ತಿರುವವರು... ಬೇರೆ ಹೆಸರು. ಈ ಸಲ ಅಜ್ಜಿ ಎದ್ದು ಹೋಗಲಿಲ್ಲ, ಪೂರ್ತಿ ಕೇಳಿದರು. ಕರ್ಫ್ಯೂ ಎಂಬ ಪದವನ್ನು ಅವರು ಕಲಿತದ್ದು ಆಗಲೇ. ನಾಲ್ಕನೇ ದಿನ ಬೆಳಗ್ಗೆ ಆ ತಡೆಯ ನಂತರ ಮಗನ ಹೆಸರು ಬಂತು. ದೂರದಲ್ಲಿ ಮನೆ ಇದ್ದವರು ಯಾರೂ ಬರಲಾಗದೆ, ನಡೆದು ಬರಬಲ್ಲ ಇವರಿಗೆ ಕರೆ ಹೋಗಿತ್ತಂತೆ. ಅಜ್ಜಿ ಏನೂ ಮಾತಾಡಲಿಲ್ಲ. ಹಾಲಿನ ಪಾತ್ರೆಯನ್ನು ನಮ್ಮ ಜಗಲಿಯಲ್ಲೇ ಮರೆತು ಹೋದರು. ನಾನೇ ಆಮೇಲೆ ಕೊಟ್ಟು ಬಂದೆ.

ಊರಿನವರಿಗೆ ಮಾವನ ಮೇಲೆ ಒಂದು ಸಿಟ್ಟೂ ಇತ್ತು. 1993ರ ಮೇ 15ರಂದು ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರು ಬೆಂಗಳೂರಿನಲ್ಲಿ ತೀರಿಕೊಂಡರು. ಆ ಸಂಜೆ ಓದಿದ್ದು ನಮ್ಮ ಮಾವ. ಮಳೆ ಲೆಕ್ಕ ಓದಿದ ಹಾಗೆ ಓದಿದ ಎಂದು ಸುಂಟಿಕೊಪ್ಪ ಪೇಟೆಯಲ್ಲಿ ಬೈದವರಿದ್ದಾರೆ. ಕೊಡಗಿನವನಾಗಿ ಒಂದು ಚೂರಾದರೂ ಗಂಟಲು ನಡುಗಬಾರದಾ? ಅವರು ಅವತ್ತು ಮಾಡಿದ್ದು ಬೇರೆ. ಇಂಗ್ಲಿಷ್ ಹಾಳೆಯಲ್ಲಿದ್ದ ಹೆಸರನ್ನು ಯಾರಾದರೂ ಕರಿಯಪ್ಪ ಎಂದು ಓದಿಯಾರು ಎಂದು, ಮುಂದಿನ ಪಾಳಿಯವರಿಗೆ ಕನ್ನಡದಲ್ಲಿ ದೊಡ್ಡದಾಗಿ ಬರೆದಿಟ್ಟು ಬಂದಿದ್ದರು. ಮರ್ಕೆರಾ ಎಂದಿದ್ದರೆ ಮಡಿಕೇರಿ, ಕೂರ್ಗ್ ಎಂದಿದ್ದರೆ ಕೊಡಗು. ಅವರ ಪ್ರೀತಿ ಅಷ್ಟರಲ್ಲೇ ಇರುತ್ತಿತ್ತು.

ಅವರ ದನಿ ನಡುಗಿದ್ದು ಒಂದೇ ಸಲ. ಅದನ್ನು ನಾನು ಕೇಳಲಿಲ್ಲ, ಅಮ್ಮ ಹೇಳಿದ್ದು. 2018ರ ಆಗಸ್ಟ್. ಗುಡ್ಡ ಜರಿದು ದಾರಿಗಳು ಮುಚ್ಚಿದ್ದವು, ಕರೆಂಟಿಲ್ಲ, ಮೊಬೈಲ್ ಸತ್ತಿತ್ತು. ಮಾವನ ಹತ್ತಿರ ಸೆಲ್ ಹಾಕುವ ಟ್ರಾನ್ಸಿಸ್ಟರ್ ಇತ್ತು. ಮಡಿಕೇರಿ ಆಕಾಶವಾಣಿ ಕೇಳಿಕೊಂಡು ಜಗಲಿಗೆ ಬಂದು, ಸೇರಿದವರಿಗೆಲ್ಲ ಹೇಳುತ್ತಿದ್ದರಂತೆ. ಜೀವನದಲ್ಲಿ ಮೊದಲ ಸಲ ಅವರು ವಾರ್ತೆಯನ್ನು ಅರೆಭಾಷೆಯಲ್ಲಿ ಹೇಳಿದ್ದು. ಜೋಡುಪಾಲ, ಉದಯಗಿರಿ ಎಂದೆಲ್ಲ ಹೇಳಿ ಮಕ್ಕಂದೂರು ಎಂದಾಗ ನಿಂತರಂತೆ. ಅಲ್ಲಿ ಅವರ ಅಕ್ಕನ ಮನೆ. ಅಕ್ಕನವರು ಆಮೇಲೆ ಕ್ಷೇಮವಾಗಿ ಸಿಕ್ಕಿದರು, ತೋಟ ಸಿಗಲಿಲ್ಲ.

ಈಗಿನ ಟಿವಿಯವರ ಕಿರುಚಾಟಕ್ಕೆ ಹೋಲಿಸಿ ಎರಡು ಮಾತು ಬರೆಯಿರಿ ಎಂದು ನಮ್ಮ ಸಮಿತಿಯ ಒಬ್ಬರು ಮೆಸೇಜ್ ಹಾಕಿದ್ದಾರೆ. ಬರೆಯಲ್ಲ. ಮಾವ ಆ ಟಿವಿಗಳನ್ನೂ ಬಿಡದೆ ನೋಡುತ್ತಿದ್ದರು, ಬೈಯುತ್ತಾ ನೋಡುತ್ತಿದ್ದರು.

ಕ್ರಿಯೆ ಮುಗಿದ ಮೇಲೆ ನಾನು ಅತ್ತೆಗೆ ಒಂದು ವಸ್ತು ತೆಗೆದುಕೊಂಡು ಹೋದೆ. ನಮ್ಮಪ್ಪನ ಮಳೆ ಪುಸ್ತಕಗಳು. ತೋಟದಲ್ಲಿ ದಿನಾ ಬೆಳಗ್ಗೆ ಮಳೆ ಅಳೆದು ಬರೆಯಬೇಕಲ್ಲ, ಅಪ್ಪ ಮನೆಗೂ ಒಂದು ಪ್ರತಿ ಇಟ್ಟುಕೊಳ್ಳುತ್ತಿದ್ದರು. ನಮ್ಮ ಲೆಕ್ಕ ಇಂಚು, ಸೆಂಟ್ಸ್ (ಇಂಚಿಗೆ ನೂರು ಸೆಂಟ್ಸ್). ರೇಡಿಯೊದವರು ಸೆಂಟಿಮೀಟರ್ ಹೇಳುತ್ತಾರೆ. ಭಾಗಮಂಡಲದಲ್ಲಿ 18 ಸೆಂಟಿಮೀಟರ್ ಎಂದು ಮಾವ ಓದಿದರೆ, ಅಪ್ಪ ಇಲ್ಲಿ ಕೂತು ಏಳು ಇಂಚು ಒಂಬತ್ತು ಸೆಂಟ್ಸ್ ಎಂದು ಬಾಯಲ್ಲೇ ತಿರುಗಿಸುತ್ತಿದ್ದರು. ಮಾವ ಓದಿದ ದಿನ ಮಳೆ ಲೆಕ್ಕದ ಪಕ್ಕ ಒಂದು ರೈಟ್ ಮಾರ್ಕ್ ಹಾಕುತ್ತಿದ್ದರು. ಯಾಕೆ ಎಂದು ಯಾರೂ ಕೇಳಿರಲಿಲ್ಲ. ಅಜ್ಜಿಗೋಸ್ಕರ ಇರಬಹುದು.

ಅತ್ತೆ ಕನ್ನಡಕ ಹಾಕಿಕೊಂಡು ನಿಧಾನಕ್ಕೆ ಹಾಳೆ ತಿರುಗಿಸಿದರು. ನಾಲ್ಕನೇ ಪುಸ್ತಕದಲ್ಲಿ, 1979ರ ಜುಲೈನಲ್ಲಿ, ಬೆರಳು ನಿಂತಿತು. ಮಗಳು ಹುಟ್ಟಿದ ವಾರ. ಅತ್ತೆ ಆಗ ಹೆರಿಗೆಗೆ ತವರಿಗೆ ಬಂದು ಮಡಿಕೇರಿಯಲ್ಲಿ ಆಸ್ಪತ್ರೆಯಲ್ಲಿದ್ದರು, ಹತ್ತಿರ ರೇಡಿಯೊ ಇರಲಿಲ್ಲ. ಮಾವ ಬರಲಿಲ್ಲ. ವಿಪರೀತ ಜ್ವರ, ಮಲಗಿದಲ್ಲಿಂದ ಏಳಲು ಆಗುತ್ತಿಲ್ಲ ಎಂದು ಕಾಗದ ಬರೆದಿದ್ದರಂತೆ. ಪುಸ್ತಕದಲ್ಲಿ ಸಾಲಾಗಿ ಮೂರು ದಿನ ರೈಟ್ ಮಾರ್ಕ್.

ಅತ್ತೆ ಕನ್ನಡಕ ತೆಗೆದರು. ಗೋಡೆಯ ಮೇಲಿದ್ದ ಫೋಟೊ ಕಡೆ ಒಮ್ಮೆ ನೋಡಿದರು, ಆಮೇಲೆ ನನ್ನ ಕಡೆ.

"ಅಂದ್ರೆ ನಮ್ಮತ್ತೆಗೂ ಗೊತ್ತಿತ್ತು. ನಿಮ್ಮಪ್ಪನಿಗೂ ಗೊತ್ತಿತ್ತು!"