ಹೋಬಳಿ ಮೈದಾನದಲ್ಲಿ ಉಳುಕಿದ ಕಾಲು: ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಶಿವಮೊಗ್ಗ ಜಿಲ್ಲಾಧಿಕಾರಿಗಳಿಗೆ,

ಗೌರವಪೂರ್ವಕ ನಮಸ್ಕಾರಗಳು.

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ವಾಲಿಬಾಲ್ ಆಡದ ಊರು ಸಿಗುವುದು ಕಷ್ಟ. ಗುಡ್ಡಗಾಡಿನಲ್ಲಿ ಕ್ರಿಕೆಟ್‌ಗೆ ಬೇಕಾಗುವಷ್ಟು ಸಮತಟ್ಟು ಜಾಗ ಎಲ್ಲಿಂದ ಬರಬೇಕು? 18 ಮೀಟರ್ ಉದ್ದ, 9 ಮೀಟರ್ ಅಗಲದ ನೆಲ, ಎರಡು ಕಂಬ, ಒಂದು ನೆಟ್ ಇದ್ದರೆ ಈ ಆಟ ನಡೆಯುತ್ತದೆ. ಬೇಸಿಗೆಯ ಹೊನಲು ಬೆಳಕಿನ ಪಂದ್ಯಾವಳಿಗಳಿಂದ ಹಿಡಿದು ಮಳೆಗಾಲದ ಶಾಲಾ ಕ್ರೀಡಾಕೂಟ, ದಸರಾ ಕ್ರೀಡಾಕೂಟದವರೆಗೆ ನಮ್ಮ ಮಕ್ಕಳು ಆಡುತ್ತಲೇ ಇರುತ್ತಾರೆ. ಅವರಿಗೆ ಆಗುವ ಗಾಯಗಳಲ್ಲಿ ಹೆಚ್ಚಿನವು ತಡೆಯಬಹುದಾದವು ಎಂಬುದನ್ನು ತಮ್ಮ ಗಮನಕ್ಕೆ ತರಲು ಈ ಪತ್ರ ಬರೆಯುತ್ತಿದ್ದೇನೆ.

ಅಂತರರಾಷ್ಟ್ರೀಯ ವಾಲಿಬಾಲ್ ಫೆಡರೇಷನ್ 2010ರಿಂದ 2014ರವರೆಗೆ ತನ್ನ 32 ಪ್ರಮುಖ ಕೂಟಗಳಲ್ಲಿ ಗಾಯಗಳ ಲೆಕ್ಕ ಇಟ್ಟಿತ್ತು. ಒಟ್ಟು ಗಾಯಗಳಲ್ಲಿ ಸುಮಾರು ನಾಲ್ಕರಲ್ಲೊಂದು ಪಾದದ ಕೀಲಿನದು. ನಂತರ ಮಂಡಿ, ಬೆರಳು, ಸೊಂಟ. ಅಭ್ಯಾಸದ ಹೊತ್ತಿಗಿಂತ ಪಂದ್ಯದಲ್ಲೇ ಹೆಚ್ಚು ಗಾಯಗಳಾಗಿದ್ದವು. ಪಂದ್ಯದಲ್ಲಿ ಗಾಯದ ಅಪಾಯ ಜೂನಿಯರ್ ಆಟಗಾರರಿಗಿಂತ ಸೀನಿಯರ್ ಆಟಗಾರರಿಗೆ ಹೆಚ್ಚು. ಹಾಗಾದರೆ ಕೆಳಹಂತದಲ್ಲಿ ಆಡುವ ನಮ್ಮ ಮಕ್ಕಳು ಕ್ಷೇಮ ಎಂದು ಯಾರಾದರೂ ಸಮಾಧಾನಪಟ್ಟುಕೊಂಡರೆ ಅದು ತಪ್ಪಾಗುತ್ತದೆ. ಆ ಲೆಕ್ಕ ಬಂದದ್ದು ಒಳಾಂಗಣದ ನಯವಾದ ನೆಲದಲ್ಲಿ, ತಂಡದ ವೈದ್ಯರ ಕಣ್ಣೆದುರಿಗೆ ನಡೆದ ಪಂದ್ಯಗಳಿಂದ. ಜುಲೈ, ಆಗಸ್ಟ್ ತಿಂಗಳ ಜಿಟಿಜಿಟಿ ಮಳೆಯಲ್ಲಿ, ಜಂಬಿಟ್ಟಿಗೆ ಮಣ್ಣಿನ ಮೇಲೆ ಹೊಟ್ಟು ಚೆಲ್ಲಿ ಆಡಿಸುವ ಹೋಬಳಿ ಮಟ್ಟದ ಪಂದ್ಯದ ಗಾಯವನ್ನು ಯಾರೂ ಯಾವ ಪುಸ್ತಕದಲ್ಲೂ ಬರೆದಿಡುವುದಿಲ್ಲ.

ಪಾದ ಉಳುಕುವುದು ಹೆಚ್ಚಾಗಿ ನೆಟ್ಟಿನ ಬುಡದಲ್ಲಿ. ಸ್ಮ್ಯಾಶ್ ಹೊಡೆಯಲು ಮುಂದಕ್ಕೆ ಹಾರಿದವನ ಪಾದ ನೆಟ್ಟಿನ ಕೆಳಗಿನ ಸೆಂಟರ್ ಲೈನ್ ದಾಟಿ ಇಳಿಯುತ್ತದೆ. ಅದೇ ಕ್ಷಣಕ್ಕೆ, ಆ ಹೊಡೆತ ತಡೆಯಲು ಹಾರಿದ ಎದುರಿನ ಬ್ಲಾಕರ್ ಅದರ ಮೇಲೆ ಇಳಿಯುತ್ತಾನೆ. ಬ್ಲಾಕರ್‌ನ ಪಾದ ಒಳಕ್ಕೆ ಮಡಚಿ, ಹೊರಗಡೆಯ ಅಸ್ಥಿರಜ್ಜು ಎಳೆದುಕೊಳ್ಳುತ್ತದೆ ಅಥವಾ ಹರಿಯುತ್ತದೆ. ಪಾದದ ಸ್ವಲ್ಪ ಭಾಗವಾದರೂ ಗೆರೆಯ ಮೇಲಿದ್ದರೆ ತಪ್ಪಿಲ್ಲ ಎಂದು ನಿಯಮವೇ ಹೇಳುವುದರಿಂದ ಇದನ್ನು ಶಿಳ್ಳೆಯಿಂದಷ್ಟೇ ತಡೆಯಲಾಗದು. ನೇರ ಮೇಲಕ್ಕೆ ಹಾರುವುದನ್ನು, ಎರಡೂ ಕಾಲಿನ ಮೇಲೆ ಇಳಿಯುವುದನ್ನು ಕಲಿಸಬೇಕು. 1990ರ ದಶಕದಲ್ಲಿ ನಾರ್ವೆಯ ಕ್ಲಬ್‌ಗಳಲ್ಲಿ ಇದನ್ನೂ ಸಮತೋಲನದ ವ್ಯಾಯಾಮವನ್ನೂ ಕಲಿಸಿದಾಗ ಪಾದ ಉಳುಕುವ ಪ್ರಕರಣಗಳು ಅರ್ಧಕ್ಕೆ ಇಳಿದವು. ಇದಕ್ಕೆ ದೊಡ್ಡ ಅನುದಾನವೇನೂ ಬೇಡ. ದೈಹಿಕ ಶಿಕ್ಷಣ ಶಿಕ್ಷಕರಿಗೆ ಒಂದು ದಿನದ ತರಬೇತಿ ಕೊಟ್ಟರೂ ಆರಂಭವಾಗುತ್ತದೆ.

ಮೇಲಿನ ಹಂತಕ್ಕೆ ಹೋದಂತೆ ಮಂಡಿಯ ಸರದಿ. ನಿತ್ಯ ನೂರಾರು ಸಲ ಹಾರುವವರಲ್ಲಿ ಮಂಡಿಚಿಪ್ಪಿನ ಕೆಳಗಿನ ಸ್ನಾಯುರಜ್ಜು ಸವೆಯುತ್ತದೆ. ನಾರ್ವೆಯ ಉನ್ನತ ಮಟ್ಟದ ಪುರುಷ ಆಟಗಾರರಲ್ಲಿ ಶೇ. 45ರಷ್ಟು ಮಂದಿಗೆ ಈ ನೋವಿತ್ತು.

ಆದರೆ ನನ್ನನ್ನು ಹೆಚ್ಚು ಕಾಡುವುದು ಈ ಎರಡು ಹಂತಗಳ ನಡುವಿನ ಏಣಿ. ಹೋಬಳಿಯಲ್ಲಿ ಗೆದ್ದ ತಂಡ ತಾಲ್ಲೂಕಿಗೆ, ಅಲ್ಲಿಂದ ಜಿಲ್ಲೆಗೆ, ವಿಭಾಗಕ್ಕೆ, ರಾಜ್ಯಕ್ಕೆ ಕೆಲವೇ ವಾರಗಳ ಅಂತರದಲ್ಲಿ ಏರುತ್ತದೆ. ಒಮ್ಮೆ ಉಳುಕಿದ ಪಾದ ಮತ್ತೆ ಉಳುಕುವ ಸಾಧ್ಯತೆ ಮೊದಲ ಕೆಲವು ತಿಂಗಳಲ್ಲೇ ಅತಿ ಹೆಚ್ಚು. ಹೀಗಿರುವಾಗ ತಂಡದ ಆಸರೆಯಾದ ಹುಡುಗಿಯೇ, ಊದಿದ ಕಾಲಿಗೆ ಎಣ್ಣೆ ತಿಕ್ಕಿಸಿಕೊಂಡು, ಕ್ರೇಪ್ ಬ್ಯಾಂಡೇಜ್ ಬಿಗಿದುಕೊಂಡು ಮುಂದಿನ ಸುತ್ತಿಗೆ ಇಳಿಯುವುದನ್ನು ನಾನು ನೋಡುತ್ತ ಬಂದಿದ್ದೇನೆ. ಆಡಬೇಡ ಎಂದು ಹೇಳುವ ಅಧಿಕಾರ ಇರುವ ಯಾರೂ ಅಲ್ಲಿ ಇರುವುದಿಲ್ಲ. ತಂಡ ಸೋತೀತು ಎಂಬ ಅಂಜಿಕೆಯಲ್ಲಿ ಅವಳೂ ನೋವನ್ನು ಬಾಯಿಬಿಟ್ಟು ಹೇಳುವುದಿಲ್ಲ.

ಮೈದಾನದ ವಿಷಯದಲ್ಲಂತೂ ಹೊಸ ನಿಯಮವೇ ಬೇಕಿಲ್ಲ. ಒರಟು ಅಥವಾ ಜಾರುವ ನೆಲದ ಮೇಲೆ ಆಡಬಾರದು, ಕೋರ್ಟಿನ ಸುತ್ತ ಕನಿಷ್ಠ 3 ಮೀಟರ್ ಖಾಲಿ ಜಾಗ ಇರಬೇಕು, ಕಂಬಗಳನ್ನು ತಂತಿ ಎಳೆದು ನಿಲ್ಲಿಸಬಾರದು ಎಂದು ಆಟದ ನಿಯಮಾವಳಿಯಲ್ಲೇ ಇದೆ. ನಮ್ಮಲ್ಲಿ ಕಂಬಕ್ಕೆ ಹಗ್ಗ ಬಿಗಿದು ಗೂಟ ಹೊಡೆದಿರುತ್ತಾರೆ. ಚೆಂಡನ್ನೇ ನೋಡುತ್ತ ಓಡುವವನಿಗೆ ಹುಲ್ಲಿನಲ್ಲಿ ಅಡಗಿದ ಆ ಗೂಟ ಕಾಣುವುದಿಲ್ಲ. ಗೆರೆಯಿಂದ ಎರಡು ಹೆಜ್ಜೆಗೆ ಚರಂಡಿ ಇರುವ ಕೋರ್ಟುಗಳೂ ಇವೆ.

ಆದ್ದರಿಂದ ಶಾಲಾ ಶಿಕ್ಷಣ ಇಲಾಖೆ ಮತ್ತು ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಗಳನ್ನು ಒಟ್ಟಿಗೆ ಕೂರಿಸಿ, ಪಂದ್ಯಕ್ಕೆ ಮೊದಲು ಮೈದಾನವನ್ನು ಪರಿಶೀಲಿಸಿ ಸಹಿ ಹಾಕುವ ಹೊಣೆಯನ್ನು ಒಬ್ಬರಿಗೆ ವಹಿಸಬೇಕೆಂದೂ, ಮಳೆ ಹಿಡಿದರೆ ಪಂದ್ಯ ಮುಂದೂಡುವ ಅಧಿಕಾರವನ್ನು ಅವರಿಗೇ ಕೊಡಬೇಕೆಂದೂ ಕೋರುತ್ತೇನೆ. ತಾಲ್ಲೂಕು ಮಟ್ಟದಿಂದ ಮೇಲಿನ ಪ್ರತಿ ಕೂಟದಲ್ಲಿ ಮಂಜುಗಡ್ಡೆ, ಪಟ್ಟಿ ಮತ್ತು ಅದನ್ನು ಕಟ್ಟಲು ಬಲ್ಲ ಆರೋಗ್ಯ ಸಿಬ್ಬಂದಿ ಇರಬೇಕು. ಗಾಯಗೊಂಡವರ ಹೆಸರು ಒಂದು ವಹಿಯಲ್ಲಿ ದಾಖಲಾಗಿ, ವೈದ್ಯರ ಒಪ್ಪಿಗೆ ಇಲ್ಲದೆ ಅವರು ಮುಂದಿನ ಹಂತದಲ್ಲಿ ಆಡದಂತಾಗಬೇಕು. ಅವರ ಬದಲಿಗೆ ಇನ್ನೊಬ್ಬ ಆಟಗಾರರನ್ನು ಸೇರಿಸಿಕೊಳ್ಳಲು ತಂಡಕ್ಕೆ ಅವಕಾಶ ಇರಬೇಕು. ಅದಿಲ್ಲದಿದ್ದರೆ ಗಾಯ ಮುಚ್ಚಿಡುವುದು ನಿಲ್ಲುವುದಿಲ್ಲ.

ಈ ಸಾಲಿನ ಹೋಬಳಿ ಮಟ್ಟದ ಕ್ರೀಡಾಕೂಟದ ವೇಳಾಪಟ್ಟಿ ಹೊರಡುವ ಮೊದಲೇ ಈ ಕುರಿತು ಸುತ್ತೋಲೆ ಹೊರಡಿಸಬೇಕೆಂದು ವಿನಂತಿಸುತ್ತೇನೆ. ಶಿಕ್ಷಕರ ತರಬೇತಿಗೆ ನೆರವು ಬೇಕಾದರೆ ತಾಲ್ಲೂಕಿನ ಹಿರಿಯ ಆಟಗಾರರೊಂದಿಗೆ ನಾನೂ ಬರಲು ಸಿದ್ಧನಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ವಾಲಿಬಾಲ್ ತರಬೇತುದಾರ
ತೀರ್ಥಹಳ್ಳಿ ತಾಲ್ಲೂಕು