ಹಳೇ ಪೆಂಟಿಯಂ ಎಬ್ಬಿಸುವ ಮುನ್ನ: ತೀರ್ಥಹಳ್ಳಿಯ ಗೆಳೆಯನಿಗೊಂದು ಪತ್ರ

ಶಿವಮೊಗ್ಗ

ಪ್ರೀತಿಯ ಗೆಳೆಯಾ,

ಹಳೇ ಆಟಗಳನ್ನು ಆಡಲೆಂದು ನೀನು ಅಡಿಕೆ ಮಂಡಿಯ ಅಟ್ಟದಿಂದ ಇಳಿಸಿದ ಕಂಪ್ಯೂಟರಿನ ಫೋಟೊಗಳು ಸಿಕ್ಕವು. ಇನ್ನೂ ಪ್ಲಗ್ ಹಾಕಿಲ್ಲ ಅಂತ ಬರೆದಿದ್ದೀಯ. ಒಳ್ಳೆಯದಾಯ್ತು, ಈ ಪತ್ರ ಪೂರ್ತಿ ಓದುವ ತನಕ ಹಾಕಲೂ ಬೇಡ.

ನಿನ್ನ ಕೈಗೆ ಬಂದಿರುವುದು ಸಾಮಾನ್ಯ ಗುಜರಿ ಅಲ್ಲ ಮಾರಾಯ. ಬೋರ್ಡಿನ ಮೇಲೆ ನೆಟ್ಟಗೆ ನಿಂತಿರುವ ಕಪ್ಪು ಕಾರ್ಟ್ರಿಜ್ಜಿನ ನೆತ್ತಿಯಲ್ಲಿ 500/512/100/2.0 ಅಂತ ಬರೆದಿದೆ ನೋಡು. ಅದು ಸ್ಲಾಟ್ 1 ಎಂಬ ಉದ್ದನೆಯ ಸಂದಿಯಲ್ಲಿ ಕೂರುವ ಪೆಂಟಿಯಂ 3 ಪ್ರೊಸೆಸರು. ವೇಗ 500 ಮೆಗಾಹರ್ಟ್ಸ್, ಕ್ಯಾಶ್ (ಪ್ರೊಸೆಸರಿನ ಪಕ್ಕದ ಚುರುಕು ಮೆಮೊರಿ) 512 ಕೆಬಿ, ಬಸ್ (ಬೋರ್ಡಿನ ಜೊತೆ ಮಾಹಿತಿ ಹೋಗಿಬರುವ ದಾರಿ) 100 ಮೆಗಾಹರ್ಟ್ಸ್, 2 ವೋಲ್ಟ್. ಚಿಪ್‌ಸೆಟ್, ಅಂದರೆ ಬೋರ್ಡಿನ ಭಾಗಗಳನ್ನು ಒಂದಕ್ಕೊಂದು ಜೋಡಿಸುವ ಚಿಪ್ಪುಗಳು, ಇಂಟೆಲ್ 440ಬಿಎಕ್ಸ್. ಬಿಳಿ ಪಿಸಿಐ ಸ್ಲಾಟುಗಳ ಪಕ್ಕದಲ್ಲಿರುವ ಎರಡು ಉದ್ದನೆಯ ಕಪ್ಪು ಸ್ಲಾಟುಗಳು ಐಎಸ್ಎ, ಇನ್ನೂ ಹಳೇ ಕಾಲದ ಕಾರ್ಡುಗಳಿಗೆ. ವಿಂಡೋಸಿಗೂ ಮುಂಚಿನ ಡಾಸ್ ಕಾಲದ ಆಟಗಳಿಗೆ ಬೇಕಾದ ಐಎಸ್ಎ ಸೌಂಡ್ ಕಾರ್ಡೂ ವಿಂಡೋಸ್ ಆಟಗಳಿಗೆ ಬೇಕಾದ ಎಜಿಪಿ ಡಿಸ್‌ಪ್ಲೇ ಕಾರ್ಡೂ ಒಂದೇ ಬೋರ್ಡಿನಲ್ಲಿ ಕೂರುವ ಕೊನೆಕೊನೆಯ ತಲೆಮಾರುಗಳಲ್ಲಿ ಒಂದು ಇದು. ನಂತರ ಬಂದ ಬೋರ್ಡುಗಳಲ್ಲಿ ಐಎಸ್ಎ ಮಾಯವಾಗುತ್ತಾ ಹೋಯಿತು. ಅದೇ ಕಾಲದಲ್ಲಿ ಆಫೀಸುಗಳಿಗೆ ಬಂದ 810 ಚಿಪ್‌ಸೆಟ್ಟಿನ ಬೋರ್ಡುಗಳಿಗಂತೂ ಎಜಿಪಿ ಸ್ಲಾಟೇ ಇಲ್ಲ.

ಹೊಸ ಲ್ಯಾಪ್‌ಟಾಪಿನಲ್ಲೇ ಆಡಬಹುದಲ್ಲ ಎಂದು ನಿನ್ನ ಅಣ್ಣ ಕೇಳಿದ್ದಕ್ಕೆ ಉತ್ತರ ಇಲ್ಲಿದೆ. ಎಲ್ಲಾ ಆಟಕ್ಕೂ ಹಳೇ ಯಂತ್ರ ಬೇಕಿಲ್ಲ. ಪ್ರಿನ್ಸ್ ಆಫ್ ಪರ್ಶಿಯಾ, ಡೇಂಜರಸ್ ಡೇವ್ ತರಹದ 1990ರ ಆಸುಪಾಸಿನ ಡಾಸ್ ಆಟಗಳು ಹೊಸ ಕಂಪ್ಯೂಟರಿನಲ್ಲಿ ಡಾಸ್ ಯಂತ್ರವನ್ನು ಅನುಕರಿಸುವ ಡಾಸ್‌ಬಾಕ್ಸ್ ಎಂಬ ಪ್ರೋಗ್ರಾಮಿನಲ್ಲಿ ಚೆನ್ನಾಗಿಯೇ ಓಡುತ್ತವೆ. ತೊಂದರೆ ಇರುವುದು 1996ರಿಂದ 2001ರ ನಡುವಿನ ವಿಂಡೋಸ್ ಆಟಗಳಲ್ಲಿ. ಅವುಗಳಲ್ಲಿ ಎಷ್ಟೋ ಆಟಗಳ ಇನ್‌ಸ್ಟಾಲರು 16 ಬಿಟ್ಟಿನದು, 64 ಬಿಟ್ ವಿಂಡೋಸಿನಲ್ಲಿ ಅದು ತೆರೆಯುವುದೇ ಇಲ್ಲ. ಸಿಡಿಯಲ್ಲಿ ನಕಲು ತಡೆಯುವ ಸೇಫ್‌ಡಿಸ್ಕ್ ಎಂಬ ಕಾವಲಿದ್ದರೆ ವಿಂಡೋಸ್ 10 ಆ ಡ್ರೈವರನ್ನು ಒಳಗೇ ಬಿಡುವುದಿಲ್ಲ. 1997ರ ಏಜ್ ಆಫ್ ಎಂಪೈರ್ಸ್ 256 ಬಣ್ಣಗಳ ಆಟ. ಹೊಸ ವಿಂಡೋಸಿನಲ್ಲಿ ಆ ಬಣ್ಣಗಳ ಪಟ್ಟಿ ಕೆಟ್ಟು ನೀರು, ಹುಲ್ಲಿನ ಬಣ್ಣವೆಲ್ಲ ಕಲಸಿಹೋಗುತ್ತದೆ. ವಿಂಡೋಸ್ 98 ಸೆಕೆಂಡ್ ಎಡಿಷನ್ನಿನಲ್ಲಿ ಈ ಮೂರೂ ತಾಪತ್ರಯ ಇಲ್ಲ. ಆದ್ದರಿಂದ ಯಾವ ಆಟ ಬೇಕು ಅಂತ ಮೊದಲು ತೀರ್ಮಾನಿಸು, ಬಿಡಿಭಾಗ ಕೊಳ್ಳುವುದು ಆಮೇಲೆ. ನೀನು ಬರೆದ ಪಟ್ಟಿಯಲ್ಲಿ ಡೂಮ್, ಕ್ವೇಕ್, ರೋಡ್ ರ‍್ಯಾಶ್, ನೀಡ್ ಫಾರ್ ಸ್ಪೀಡ್ 2, ಏಜ್ ಆಫ್ ಎಂಪೈರ್ಸಿನ ಎರಡೂ ಭಾಗಗಳಿವೆ. ಎಲ್ಲವೂ ಈ ಯಂತ್ರದ ಅಳವಿಗೇ ಬರುತ್ತವೆ.

ಈಗ ಕರೆಂಟಿನ ವಿಚಾರ. ಹೆಚ್ಚಿನ ಬೋರ್ಡುಗಳು ಸಾಯುವುದು ಇಲ್ಲೇ. ಕರೆಂಟು ಪೂರೈಸುವ ಡಬ್ಬಿಯ, ಅಂದರೆ ಎಸ್‌ಎಂಪಿಎಸ್ಸಿನ ಹಿಂಬದಿಯ ಚಿಕ್ಕ ಕೆಂಪು ಸ್ವಿಚ್ಚು 230ರಲ್ಲಿದೆಯಾ ನೋಡು. 115ರಲ್ಲಿದ್ದು ನಮ್ಮ ಕರೆಂಟು ಕೊಟ್ಟರೆ ಒಳಗಿನ ದೊಡ್ಡ ಕೆಪಾಸಿಟರು ಸಿಡಿಯುತ್ತದೆ. ಆಮೇಲೆ ಅದನ್ನು ಬೋರ್ಡಿನಿಂದ ಬಿಡಿಸಿ, ಹೊರಗೇ ಪರೀಕ್ಷೆ ಮಾಡು. ರಿಪೇರಿ ಅಂಗಡಿಗಳಲ್ಲಿ ಇರುವಂಥ ಸೀರೀಸ್ ಬೋರ್ಡಿಗೆ 100 ವ್ಯಾಟ್ ಹಳೇ ಬಲ್ಬು ಹಾಕಿ ಅದರ ಮೂಲಕ ಕರೆಂಟು ಕೊಡು. ಬಲ್ಬು ಒಮ್ಮೆ ಮಿಂಚಿ ಆರಿದರೆ ಸರಿ, ಪೂರ್ತಿ ಉರಿಯುತ್ತಲೇ ಇದ್ದರೆ ಒಳಗೆ ಶಾರ್ಟ್ ಆಗಿದೆ ಅಂತಲೇ ಅರ್ಥ. ಅಷ್ಟು ಗೊತ್ತಾದ ಮೇಲೆ ಬಲ್ಬು ತೆಗೆದು ನೇರ ಕರೆಂಟು ಕೊಡು. ಲೋಡಿಗೆ ಒಂದು ಕೆಟ್ಟ ಹಾರ್ಡ್ ಡಿಸ್ಕ್ ಸಿಕ್ಕಿಸಿ, 20 ಪಿನ್ನಿನ ಕನೆಕ್ಟರಿನಲ್ಲಿ ಹಸಿರು ವೈರನ್ನು ಕಪ್ಪು ವೈರಿಗೆ ತಾಗಿಸಿದರೆ ಫ್ಯಾನು ತಿರುಗುತ್ತದೆ. ಮಲ್ಟಿಮೀಟರಿನಲ್ಲಿ ಕೆಂಪು 4.75ರಿಂದ 5.25, ಹಳದಿ 11.4ರಿಂದ 12.6, ಕಿತ್ತಳೆ 3.14ರಿಂದ 3.47 ವೋಲ್ಟಿನೊಳಗೆ ಇರಬೇಕು. ಹೊರಗಿದ್ದರೆ ಆ ಎಸ್‌ಎಂಪಿಎಸ್ ಬಳಸಬೇಡ. ಬದಲಿ ತರುವಾಗ 5 ವೋಲ್ಟಿನ ಸಾಲಿಗೆ ಎಷ್ಟು ಆಂಪಿಯರ್ ಅಂತ ಲೇಬಲ್ ಓದಿಯೇ ತಾ. ಈಗಿನ ಎಸ್‌ಎಂಪಿಎಸ್‌ಗಳು ಶಕ್ತಿಯನ್ನೆಲ್ಲ 12 ವೋಲ್ಟಿಗೆ ಇಟ್ಟಿರುತ್ತವೆ, ಈ ಕಾಲದ ಬೋರ್ಡು ಹೆಚ್ಚು ಎಳೆಯುವುದು 5 ವೋಲ್ಟಿನಿಂದ.

ಪ್ರೊಸೆಸರಿನ ಪಕ್ಕದ ಸಾಲು ಕೆಪಾಸಿಟರುಗಳ ತಲೆಯನ್ನು ಟಾರ್ಚು ಹಿಡಿದು ನೋಡು. ತಲೆ ಚಪ್ಪಟೆಯಾಗಿರಬೇಕು. ಉಬ್ಬಿದ್ದರೆ, ಬುಡದಲ್ಲಿ ಕಂದು ಕಲೆ ಇದ್ದರೆ, ಚಾಲೂ ಮಾಡದೆ ಬದಲಿಸು. ಮೈಕ್ರೋಫ್ಯಾರಡ್ ಅಷ್ಟೇ ಇರಲಿ, ವೋಲ್ಟ್ ಅಷ್ಟೇ ಅಥವಾ ಒಂದು ಹೆಜ್ಜೆ ಮೇಲಿರಲಿ, 105 ಡಿಗ್ರಿಯದು, ಲೋ ಇಎಸ್ಆರ್ (ಒಳಗಿನ ತಡೆ ಕಡಿಮೆ ಇರುವುದು) ಅಂತಲೇ ಕೇಳಿ ತಾ. ರೇಡಿಯೊ ರಿಪೇರಿಯ ಸಾದಾ ಕೆಪಾಸಿಟರು ಇಲ್ಲಿ ಬಿಸಿಯಾಗಿ ಬೇಗ ಸಾಯುತ್ತದೆ. ಪಟ್ಟಿ ಇರುವ ಕಡೆ ಮೈನಸ್, ಅದನ್ನು ತಪ್ಪಿಸಬೇಡ. ಮದರ್‌ಬೋರ್ಡಿನ ಒಳಪದರದ ತಾಮ್ರ ಶಾಖವನ್ನೆಲ್ಲ ಹೀರಿಕೊಳ್ಳುವುದರಿಂದ 25 ವ್ಯಾಟಿನ ಸೋಲ್ಡರಿಂಗ್ ಕಬ್ಬಿಣದಲ್ಲಿ ಸೀಸ ಕರಗುವುದಿಲ್ಲ. ಜೋರು ಮಾಡಿ ಎಳೆದರೆ ತೂತಿನೊಳಗಿನ ತಾಮ್ರವೇ ಕಿತ್ತು ಬರುತ್ತದೆ. 60 ವ್ಯಾಟಿನದು ಇರುವವರ ಹತ್ತಿರ ಮಾಡಿಸು.

ನಾಣ್ಯದ ಗಾತ್ರದ ಸಿಆರ್2032 ಸೆಲ್ಲನ್ನು ಅಳೆಯುವುದೂ ಬೇಡ, ಹೊಸದು ಹಾಕು. ಮುಂದೊಂದು ದಿನ 386 ಅಥವಾ 486 ಸಿಕ್ಕಿದರೆ ಮಾತ್ರ ನೆನಪಿಡು, ಅದರಲ್ಲಿ ಬೋರ್ಡಿಗೇ ಬೆಸೆದ ನೀಲಿ ಪೀಪಾಯಿಯಂಥ ಬ್ಯಾಟರಿ ಇರುತ್ತದೆ. ಅದು ಸೋರಿ ತಾಮ್ರದ ಗೆರೆಗಳನ್ನು ತಿನ್ನುತ್ತದೆ. ಮೊದಲು ಅದನ್ನು ಕತ್ತರಿಸಿ ತೆಗೆದು, ಹಸಿರುಗಟ್ಟಿದ ಜಾಗಕ್ಕೆ ವಿನೆಗರ್ ಸವರಿ, ನಂತರ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ತೊಳೆಯಬೇಕು.

ರ‍್ಯಾಮ್ ಮತ್ತು ಕಾರ್ಡುಗಳ ಬಂಗಾರದ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಮೃದುವಾಗಿ ಉಜ್ಜಿ ಆಲ್ಕೊಹಾಲಿನಲ್ಲಿ ಒರೆಸು. ನಮ್ಮ ಕಡೆ ಜುಲೈ ಬಂತೆಂದರೆ ಹಳೇ ಕಂಪ್ಯೂಟರು ಉದ್ದುದ್ದ ಬೀಪ್ ಹೊಡೆಯುತ್ತಾ ಪರದೆ ಕಪ್ಪಾಗಿ ಕೂರುವುದಕ್ಕೆ ಹತ್ತರಲ್ಲಿ ಎಂಟು ಪಾಲು ಈ ಹಲ್ಲುಗಳ ಮೇಲೆ ಕೂತ ತೇವವೇ ಕಾರಣ. ಯಂತ್ರವನ್ನು ಎಬ್ಬಿಸುವ ಮೂಲ ಪ್ರೋಗ್ರಾಂ ಬಯಾಸ್, ಅದು ಅವಾರ್ಡ್ ಕಂಪನಿಯದಾಗಿದ್ದು ಉದ್ದನೆಯ ಬೀಪ್ ಮತ್ತೆ ಮತ್ತೆ ಬಂದರೆ ರ‍್ಯಾಮ್, ಒಂದು ಉದ್ದ ಎರಡು ಗಿಡ್ಡ ಬಂದರೆ ಡಿಸ್‌ಪ್ಲೇ ಕಾರ್ಡು ಸರಿಯಾಗಿ ಕೂತಿಲ್ಲ. ಈಗಿರುವ 64 ಎಂಬಿ ಸಾಲದು, 256 ಎಂಬಿಗೆ ಏರಿಸು. ಆದರೆ ಎರಡೂ ಬದಿಗೆ ಎಂಟೆಂಟು, ಒಟ್ಟು 16 ಚಿಪ್ಪುಗಳಿರುವ ಎಸ್‌ಡಿರ‍್ಯಾಮ್ ಬೇಕು. ಎಂಟೇ ಚಿಪ್ಪಿನ 256 ಎಂಬಿ ಕಡ್ಡಿಯನ್ನು ಬಿಎಕ್ಸ್ ಚಿಪ್‌ಸೆಟ್ ಅರ್ಧ ಮಾತ್ರ ಓದುತ್ತದೆ. 512ಕ್ಕಿಂತ ಮೇಲೆ ಹೋಗಬೇಡ, ವಿಂಡೋಸ್ 98 ಮೆಮೊರಿ ಸಾಲದು ಅಂತ ಉಲ್ಟಾ ದೂರು ಹೇಳುತ್ತದೆ.

ಹಳೇ 10 ಜಿಬಿ ಹಾರ್ಡ್ ಡಿಸ್ಕಿನಲ್ಲಿ ಮಂಡಿಯ ಲೆಕ್ಕ, ಯಾರದ್ದಾದರೂ ಪತ್ರ ಇರಬಹುದು. ಮೊದಲು ಅವನ್ನು ನಕಲು ಮಾಡಿ ಯಜಮಾನರಿಗೆ ಕೊಡು. ಆಟಕ್ಕೆ ಆ ಡಿಸ್ಕನ್ನು ನಂಬಬೇಡ. 16 ಜಿಬಿ ಕಾಂಪ್ಯಾಕ್ಟ್ ಫ್ಲ್ಯಾಶ್ ಕಾರ್ಡು, ಅದನ್ನು ಹಾರ್ಡ್ ಡಿಸ್ಕಿನ 40 ಪಿನ್ನಿನ ಐಡಿಇ ಕನೆಕ್ಟರಿಗೆ ಜೋಡಿಸುವ ಅಡಾಪ್ಟರು ತಗೋ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಹುಡುಕು, ಆನ್‌ಲೈನಿನಲ್ಲೂ ಸಿಗುತ್ತದೆ. 32 ಜಿಬಿ ದಾಟಿದರೆ ಈ ಕಾಲದ ಎಷ್ಟೋ ಬಯಾಸುಗಳು ಡಿಸ್ಕ್ ಹುಡುಕುವಾಗಲೇ ನಿಂತುಬಿಡುತ್ತವೆ. ಕಾರ್ಡು ಪ್ರೈಮರಿ ಮಾಸ್ಟರ್, ಸಿಡಿ ಡ್ರೈವು ಸೆಕೆಂಡರಿ ಮಾಸ್ಟರ್ ಆಗಿರಲಿ, ಅಂದರೆ ಎರಡೂ ಬೇರೆ ಬೇರೆ ಕೇಬಲ್ಲಿನಲ್ಲಿರಲಿ. ಮಧ್ಯೆ ಮಧ್ಯೆ ನಿಂತು ನಿಂತು ಓಡಿದರೆ ಬಯಾಸಿನಲ್ಲಿ ಡಿಸ್ಕ್ ಓದುವ ವೇಗದ ವಿಧಾನವಾದ ಯುಡಿಎಂಎ ಆಫ್ ಮಾಡಿ ನಿಧಾನದ ಪಿಐಒ 4 ಇಡು.

98ರ ಬೂಟ್ ಫ್ಲಾಪಿಯಿಂದ ಡಿಸ್ಕನ್ನು ಭಾಗ ಮಾಡುವ ಎಫ್‌ಡಿಸ್ಕ್ ತೆರೆದಾಗ ದೊಡ್ಡ ಡಿಸ್ಕಿನ ಸೌಲಭ್ಯ ಬೇಕೇ ಅಂತ ಕೇಳುತ್ತದೆ, ವೈ ಒತ್ತು. ಪಾರ್ಟಿಷನ್ ಮಾಡಿ ಆ್ಯಕ್ಟಿವ್ ಅಂತ ಗುರುತಿಸು, ರೀಸ್ಟಾರ್ಟ್ ಮಾಡಿ ಫಾರ್ಮ್ಯಾಟ್ ಮಾಡು. ಇಷ್ಟಾದ ಮೇಲೂ ಕರ್ಸರ್ ಮಿಣುಕುತ್ತಾ ನಿಂತರೆ ಹೆದರಬೇಡ. ಕ್ಯಾಮೆರಾಕ್ಕೆಂದು ಮಾಡಿದ ಕಾರ್ಡಿನ ಮೊದಲ ಸೆಕ್ಟರಿನಲ್ಲಿ ಬೂಟ್ ಕೋಡ್ ಇರುವುದಿಲ್ಲ. ಎಫ್‌ಡಿಸ್ಕ್ ಮುಂದೆ ಸ್ಲ್ಯಾಶ್ ಎಂಬಿಆರ್ ಬರೆದು ಎಂಟರ್ ಒತ್ತಿದರೆ ಆಯ್ತು. ನಂತರ ಸಿಡಿಯ ವಿನ್98 ಫೋಲ್ಡರನ್ನು ಪೂರ್ತಿಯಾಗಿ ಸಿ ಡ್ರೈವಿಗೆ ನಕಲು ಮಾಡಿ ಅಲ್ಲಿಂದಲೇ ಸೆಟಪ್ ಓಡಿಸು. ಇಲ್ಲದಿದ್ದರೆ ಡ್ರೈವರು ಹಾಕುವಾಗಲೆಲ್ಲ ಸಿಡಿ ಕೇಳುತ್ತದೆ. ಡ್ರೈವರುಗಳ ಸರದಿ ತಪ್ಪಬಾರದು. ಮೊದಲು ಚಿಪ್‌ಸೆಟ್, ಆಮೇಲೆ ಡಿಸ್‌ಪ್ಲೇ, ಆಮೇಲೆ ಸೌಂಡ್, ಕೊನೆಗೆ ವಿಂಡೋಸ್ ಆಟಗಳಿಗೆ ಬೇಕಾದ ಮೈಕ್ರೋಸಾಫ್ಟಿನ ಡೈರೆಕ್ಟ್‌ಎಕ್ಸ್. ಡಿಸ್‌ಪ್ಲೇಗೆ ಟಿಎನ್‌ಟಿ2 ಅಥವಾ ಜಿಫೋರ್ಸ್2 ಎಂಎಕ್ಸ್ ಕಾರ್ಡು ಸಾಕು. ನೀಡ್ ಫಾರ್ ಸ್ಪೀಡ್ 2ರ ಸ್ಪೆಷಲ್ ಎಡಿಷನ್ ತನ್ನ ಪೂರ್ತಿ ಚಂದ ತೋರಿಸುವುದು 3ಡಿಎಫ್ಎಕ್ಸ್ ಕಂಪನಿಯ ಗ್ಲೈಡ್ ಎಂಬ ಚಿತ್ರ ವ್ಯವಸ್ಥೆಯಲ್ಲಿ. ಅದು ಬೇಕಿದ್ದರೆ 3ಡಿಎಫ್ಎಕ್ಸ್ ವೂಡೂ ಕಾರ್ಡೇ ಆಗಬೇಕು, ಈಗ ಅದು ದುಬಾರಿ. ನನ್ನ ಮಾತು ಕೇಳುವುದಾದರೆ ಆ ದುಡ್ಡನ್ನು ಒಳ್ಳೆಯ ಮಾನಿಟರಿಗೆ ಹಾಕು.

ಡಾಸ್ ಆಟಗಳನ್ನು ವಿಂಡೋಸಿನೊಳಗಿನ ಕಿಟಕಿಯಲ್ಲಿ ಆಡಬೇಡ. ಯಂತ್ರ ಏಳುವಾಗ ಎಫ್8 ಒತ್ತಿ ಕಮಾಂಡ್ ಪ್ರಾಂಪ್ಟ್ ಆರಿಸು. ಡಾಸ್ ಏಳುವಾಗ ಓದುವ ಕಾನ್ಫಿಗ್ ಫೈಲಿನಲ್ಲಿ ಮೆಮೊರಿ ನೋಡಿಕೊಳ್ಳುವ ಹೈಮೆಮ್ ಮೊದಲ ಸಾಲು, ಇಎಂಎಂ386 ಎರಡನೆಯದು, ಮೂರನೆಯದು ಡಾಸನ್ನು ಹೈ ಮತ್ತು ಯುಎಂಬಿ ಎಂಬ ಮೇಲಿನ ಮೆಮೊರಿಗೆ ಏರಿಸುವ ಸಾಲು. ಸಿಡಿ ಡ್ರೈವರು, ಮೌಸ್ ಡ್ರೈವರು ಎರಡನ್ನೂ ಮೇಲಿನ ಮೆಮೊರಿಗೆ ಕಳಿಸು. ಮೆಮ್ ಸ್ಲ್ಯಾಶ್ ಸಿ ಹೊಡೆದಾಗ 600 ಕೆಬಿ ಹತ್ತಿರ ಖಾಲಿ ಕಂಡರೆ ಸಾಕು. ಆಟೋಎಕ್ಸೆಕ್‌ನಲ್ಲಿ ಸೌಂಡ್ ಕಾರ್ಡು ಎಲ್ಲಿದೆ ಅಂತ ಆಟಕ್ಕೆ ಹೇಳುವ ಬ್ಲಾಸ್ಟರ್ ಸಾಲು ಎ220 ಐ5 ಡಿ1 ಎಚ್5 ಟಿ6 ಅಂತಿರಲಿ. ಆಟದ ಸೆಟಪ್ಪಿನಲ್ಲೂ ಪೋರ್ಟ್ 220, ಐಆರ್‌ಕ್ಯೂ (ಕಾರ್ಡು ಪ್ರೊಸೆಸರನ್ನು ಕರೆಯುವ ಸಾಲು) 5, ಡಿಎಂಎ (ಮೆಮೊರಿಗೆ ನೇರ ದಾರಿ) 1 ಕೊಡು. ಸಂಗೀತ ಬಂದು ಗುಂಡಿನ ಸದ್ದು ಬಾರದಿದ್ದರೆ ಐಆರ್‌ಕ್ಯೂ ಜಗಳವನ್ನೇ ಮೊದಲು ಅನುಮಾನಿಸು. 7 ಪ್ರಿಂಟರ್ ಪೋರ್ಟಿನದು, ಕಾರ್ಡನ್ನು ಅಲ್ಲಿ ಇಡಬೇಡ. ಜಂಪರ್ ಎಂಬ ಪುಟ್ಟ ಟೋಪಿ ಸರಿಸಿ ಹೊಂದಿಸುವ ಹಳೇ ಕಾರ್ಡಾದರೆ ಬಯಾಸಿನ ಪಿಎನ್‌ಪಿ (ತಾವೇ ಹೊಂದಿಕೊಳ್ಳುವ ಕಾರ್ಡುಗಳ) ಪುಟದಲ್ಲಿ ಐಆರ್‌ಕ್ಯೂ 5 ಮತ್ತು ಡಿಎಂಎ 1 ಎರಡನ್ನೂ ಲೆಗಸಿ ಐಎಸ್ಎಗೆ ಮೀಸಲಿಡು.

ಕ್ವೇಕಿನ ಹಿನ್ನೆಲೆ ಸಂಗೀತ ಸಿಡಿಯ ಮೇಲೆ ಹಾಡಿನ ಟ್ರ್ಯಾಕುಗಳಾಗಿಯೇ ಇದೆ. ಸಿಡಿ ಡ್ರೈವಿನ ಹಿಂಭಾಗದಿಂದ ಸೌಂಡ್ ಕಾರ್ಡಿಗೆ ಹೋಗುವ ನಾಲ್ಕು ಪಿನ್ನಿನ ಸಣ್ಣ ಆಡಿಯೊ ಕೇಬಲ್ ಇಲ್ಲದಿದ್ದರೆ ಆಟ ಮೂಕವಾಗುತ್ತದೆ. ಅಂಥ ಸಿಡಿಯನ್ನು ಕಾಪಿಡುವಾಗ ಐಎಸ್ಒ ಎಂಬ ಬಗೆಯ ನಕಲು ಫೈಲು ಮಾಡಬೇಡ, ಅದರಲ್ಲಿ ಹಾಡಿನ ಟ್ರ್ಯಾಕು ಉಳಿಯುವುದಿಲ್ಲ. ಬಿನ್ ಮತ್ತು ಕ್ಯೂ ಜೋಡಿ ಫೈಲು ಮಾಡು.

500 ಮೆಗಾಹರ್ಟ್ಸ್ ಕೆಲವು ಡಾಸ್ ಪ್ರೋಗ್ರಾಂಗಳಿಗೆ ಅತಿವೇಗ. ಟರ್ಬೊ ಪಾಸ್ಕಲ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದ ಎಷ್ಟೋ ಪ್ರೋಗ್ರಾಂಗಳು ರನ್‌ಟೈಮ್ ಎರರ್ 200 ಎಂದು ಬಾಗಿಲಲ್ಲೇ ಬೀಳುತ್ತವೆ. ಶುರುವಿನಲ್ಲಿ ಯಂತ್ರದ ವೇಗ ಅಳೆಯುವ ಲೆಕ್ಕದ ಭಾಗಲಬ್ಧ ಅದಕ್ಕಿಟ್ಟ ಜಾಗದಲ್ಲಿ ಹಿಡಿಸದೆ ಹೀಗಾಗುತ್ತದೆ. ಟಿಪಿಪ್ಯಾಚ್ ಎಂಬ ಪುಟ್ಟ ಪ್ರೋಗ್ರಾಂ ಅದನ್ನು ಸರಿ ಮಾಡುತ್ತದೆ. ಆಟವೇ ಕೈಗೆ ಸಿಗದಂತೆ ಓಡಿದರೆ ಬಯಾಸಿನಲ್ಲಿ ಇಂಟರ್ನಲ್ ಕ್ಯಾಶ್ ಆಫ್ ಮಾಡು, ವೇಗ ಹೆಚ್ಚುಕಡಿಮೆ 386ರ ಮಟ್ಟಕ್ಕೆ ಇಳಿಯುತ್ತದೆ. ಲ್ಯಾಪ್‌ಟಾಪಿನ ಡಾಸ್‌ಬಾಕ್ಸಿನಲ್ಲಾದರೆ ಕಂಟ್ರೋಲ್ ಹಿಡಿದು ಎಫ್11 ಒತ್ತಿದರೆ ನಿಧಾನ, ಎಫ್12 ಒತ್ತಿದರೆ ಜೋರು. ಅಲ್ಲಿ ಆಸ್ಪೆಕ್ಟ್ ಅನ್ನುವ ಸೆಟ್ಟಿಂಗನ್ನು ಟ್ರೂ ಮಾಡಲು ಮರೆಯಬೇಡ. 320 ಇಂಟು 200ರ ಚಿತ್ರ ಹಳೇ ಮಾನಿಟರಿನಲ್ಲಿ 4:3ಕ್ಕೆ ಎಳೆದು ಕಾಣುತ್ತಿತ್ತು, ಒಂದೊಂದು ಚುಕ್ಕಿಯೂ ಅಗಲಕ್ಕಿಂತ 1.2 ಪಟ್ಟು ಎತ್ತರ. ಅದಿಲ್ಲದೆ ಪ್ರಿನ್ಸ್ ಆಫ್ ಪರ್ಶಿಯಾದ ರಾಜಕುಮಾರ ಕುಳ್ಳಗಾಗುತ್ತಾನೆ.

ಮಾನಿಟರ್ ಟ್ಯೂಬಿನದೇ ಆಗಲಿ. ಆ ಡಾಸ್ ಆಟಗಳ ಚಿತ್ರ ಸೆಕೆಂಡಿಗೆ 70 ಸಲ ಬರುತ್ತದೆ. 60ರ ಎಲ್‌ಸಿಡಿಯಲ್ಲಿ ಪರದೆ ಸರಿಯುವಾಗ ಕುಲುಕಾಡುತ್ತದೆ, ಟ್ಯೂಬಿನಲ್ಲಿ ನುಣುಪಾಗಿ ಹರಿಯುತ್ತದೆ. ಹಿಂಬದಿಯ ಮುಚ್ಚಳವನ್ನು ಮಾತ್ರ ಯಾವ ಕಾರಣಕ್ಕೂ ತೆಗೆಯಬೇಡ, ಒಳಗೆ 25 ಸಾವಿರ ವೋಲ್ಟಿನ ಆಸುಪಾಸು, ಪ್ಲಗ್ ಕಿತ್ತ ಮೇಲೂ ಉಳಿದಿರುತ್ತದೆ. ಮಳೆಗಾಲದಲ್ಲಿ ಬಹಳ ದಿನ ಬಿಟ್ಟು ಹಚ್ಚಿದಾಗ ಒಳಗೆ ಚಟಪಟ ಎಂದರೆ ತೇವದಿಂದ ಕಿಡಿ ಹಾರುತ್ತಿದೆ ಅಂತ. ತಕ್ಷಣ ಆರಿಸಿ, ಬೆಚ್ಚಗಿನ ಕೋಣೆಯಲ್ಲಿ ಒಂದೆರಡು ದಿನ ಇಟ್ಟು ನೋಡು.

ತೀರ್ಥಹಳ್ಳಿಯ ಹವೆಗೆ ಇನ್ನಷ್ಟು ಜೋಪಾನ ಬೇಕು. ಜೂನಿನಿಂದ ಸೆಪ್ಟೆಂಬರ್ ತನಕ ದಿನಾ ಒಂದು ಗಂಟೆಯಾದರೂ ಯಂತ್ರ ಓಡಲಿ, ಒಳಗಿನ ಬಿಸಿಗೇ ತೇವ ಹೋಗುತ್ತದೆ. ಬಚ್ಚಲೊಲೆಯ ಹತ್ತಿರದ ಅಟ್ಟ ಬೆಚ್ಚಗಿರುತ್ತೆ ಅಂತ ಸಿಡಿ, ಫ್ಲಾಪಿಗಳನ್ನು ಅಲ್ಲಿಡಬೇಡ, ಹೊಗೆಯ ಜಿಡ್ಡು ಕೂತರೆ ಬಿಡುವುದಿಲ್ಲ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡು. ಬೂಸ್ಟು ಹಿಡಿದ ಫ್ಲಾಪಿಯನ್ನು ಡ್ರೈವಿಗೆ ತುರುಕಿದರೆ ಹೆಡ್ಡು ಕೊಳೆಯಾಗಿ ಮುಂದಿನ ಒಳ್ಳೆಯ ಫ್ಲಾಪಿಯೂ ಗೀಚಿಹೋಗುತ್ತದೆ. ಖಾಲಿ ಸ್ಲಾಟುಗಳ ಹಿಂದಿನ ತಗಡಿನ ಪಟ್ಟಿ ಹಾಕದಿದ್ದರೆ ಹಲ್ಲಿ ಒಳಹೊಕ್ಕು ಶಾರ್ಟ್ ಮಾಡುತ್ತದೆ. ಏಪ್ರಿಲ್, ಮೇ ತಿಂಗಳ ಗುಡುಗಿಗೆ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕೀಳು, ಫೋನಿನ ತಂತಿ ಮೋಡೆಮ್ಮಿಗೆ ಸಿಕ್ಕಿಸಿದ್ದರೆ ಅದನ್ನೂ ಕೀಳು. ಕ್ಯಾಬಿನೆಟ್ ಮುಟ್ಟಿದಾಗ ಜುಮ್ ಅಂದರೆ ಅರ್ಥಿಂಗ್ ಇಲ್ಲ. ಜಂಬಿಟ್ಟಿಗೆ ನೆಲ ಬೇಸಿಗೆಯಲ್ಲಿ ಒಣಗಿದಾಗ ಅರ್ಥ್ ಗುಂಡಿಗೆ ನೀರು ಹಾಕಿಸಬೇಕು.

ಇನ್ನೊಂದು, ಕೀಬೋರ್ಡು ಮೌಸನ್ನು ಯಂತ್ರ ಓಡುತ್ತಿರುವಾಗ ಕಿತ್ತು ಹಾಕಬೇಡ. ಅವುಗಳ ದುಂಡನೆಯ ಪಿಎಸ್/2 ಕನೆಕ್ಟರು ಅದಕ್ಕೆ ಹೇಳಿ ಮಾಡಿಸಿದ್ದಲ್ಲ, ಬೋರ್ಡಿನ ಮೇಲಿನ ಪುಟ್ಟ ಫ್ಯೂಸು ಹೋಗುತ್ತದೆ.

ಫೋಟೊದಲ್ಲಿ ಸೌಂಡ್ ಕಾರ್ಡು ಅರ್ಧ ಮರೆಯಾಗಿದೆ. ಕ್ರಿಯೇಟಿವ್ ಕಂಪನಿಯದಾದರೆ ಸಿಟಿ ಅಂತ ಶುರುವಾಗುವ ನಾಲ್ಕಂಕಿಯ ನಂಬರು ಮೇಲೆ ಅಚ್ಚಾಗಿರುತ್ತದೆ. ಬೇರೆಯದಾದರೆ ದೊಡ್ಡ ಚಿಪ್ಪಿನ ಮೇಲೆ ವೈಎಂಎಫ್ ಅಥವಾ ಇಎಸ್ ಅಂತೇನಾದರೂ ಇದೆಯಾ ನೋಡಿ ಬರೆದು ಕಳಿಸು. ಜಂಪರಿನದೋ ಪಿಎನ್‌ಪಿಯದೋ, ಯಾವ ಡ್ರೈವರು ಹಾಕಬೇಕು ಅಂತ ಅದರ ಮೇಲೆ ಹೇಳುತ್ತೇನೆ.

ಇಂತಿ ನಿನ್ನ
ಗೆಳೆಯ